ಕೆರ ಹೊಲಿದ ಕೈಗಳು ಕಟ್ಟಿದ ಸಭೆ

ಭಾರತದಲ್ಲಿ ಕ್ರೈಸ್ತ ಸಭೆಗೆ ಅಡಿಪಾಯ ಹಾಕಿದವರು ಯಾರು ಅಂತ ಕೇಳಿದರೆ ಎರಡು ಉತ್ತರಗಳು ಮೊದಲೇ ತಯಾರಾಗಿವೆ. ಕ್ರಿ.ಶ. 52ರಲ್ಲಿ ಸಂತ ತೋಮಸ ಕೇರಳದ ಕರಾವಳಿಗೆ ಬಂದಿಳಿದು ನಂಬೂದಿರಿ ಮನೆತನಗಳಿಗೆ ದೀಕ್ಷಾಸ್ನಾನ ಕೊಟ್ಟ ಅನ್ನೋದು ಅಲ್ಲಿನ ಸಿರಿಯನ್ ಕ್ರೈಸ್ತರ ನಂಬಿಕೆ. ಬಿಳಿ ಪಾದ್ರಿಗಳು ಗೋಧಿ, ಹಾಲಿನ ಪುಡಿ ತೋರಿಸಿ ಬಡವರನ್ನ ಕೊಂಡುಕೊಂಡರು ಅನ್ನೋದು ಅಗ್ರಹಾರದ ಕಥೆ. ಮೊದಲ ಉತ್ತರದಲ್ಲಿ ಸಭೆಯ ಮೂಲಪುರುಷರು ಬ್ರಾಹ್ಮಣರು, ಎರಡನೆಯದರಲ್ಲಿ ಬಿಳಿಯರು. ನಮ್ಮ ಜನ ಮೊದಲನೆಯದರಲ್ಲಿ ಇಲ್ಲವೇ ಇಲ್ಲ. ಎರಡನೆಯದರಲ್ಲಿ ಇದ್ದಾರೆ, ಸಂತೆಯಲ್ಲಿ ಮಾರಾಟವಾದ ದನಗಳ ಹಾಗೆ.

ಈ ಎರಡೂ ಕಥೆಗಳಲ್ಲಿ ಕಾಣದ ಒಬ್ಬ ಮನುಷ್ಯನಿದ್ದಾನೆ. ಹೆಸರು ಯರ್ರಗುಂಟ್ಲ ಪೇರಯ್ಯ. ಆಂಧ್ರದ ಒಂಗೋಲು ಸೀಮೆಯ ತಾಳ್ಳಕೊಂಡಪಾಡು ಅನ್ನೋ ಹಳ್ಳಿಯವನು. ಜಾತಿಯಲ್ಲಿ ಮಾದಿಗ, ಕಸುಬು ತೊಗಲಿನ ವ್ಯಾಪಾರ. ಗುರುಗಳ ಹಿಂದೆ ಅಲೆದು, ಯೋಗಸಾಧನೆ ಮಾಡಿ, ದೇವರ ವಿಚಾರವಾಗಿ ತಲೆ ಕೆಡಿಸಿಕೊಂಡಿದ್ದವನು. ವ್ಯಾಪಾರಕ್ಕೆ ಏಲೂರಿನ ಕಡೆ ಹೋದಾಗ ಅಲ್ಲಿನ ಪಾದ್ರಿಗಳ ಮಾತು ಕಿವಿಗೆ ಬಿತ್ತು. ಕೇಳಿದ್ದನ್ನ ಊರಿಗೆ ತಂದು ತನ್ನವರಿಗೆ ಹೇಳಿದ. 1866ರಲ್ಲಿ ಅವನೂ ಹೆಂಡತಿ ನಾಗಮ್ಮನೂ ದೀಕ್ಷಾಸ್ನಾನ ತಗೊಂಡರು. ಇಲ್ಲಿ ಒಂದು ಮಾತನ್ನ ಗಮನಿಸಬೇಕು. ಪಾದ್ರಿ ಪೇರಯ್ಯನ ಹಟ್ಟಿಗೆ ಬಂದಿರಲಿಲ್ಲ, ಪೇರಯ್ಯನೇ ಪಾದ್ರಿಯನ್ನ ಹುಡುಕಿಕೊಂಡು ಹೋಗಿದ್ದ.

ಆ ಹೊತ್ತಿಗೆ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನ್ ನೆಲ್ಲೂರಿನಲ್ಲಿ ಕಾಲಿಟ್ಟು ಇಪ್ಪತ್ತೈದು ವರ್ಷ ಕಳೆದಿತ್ತು. ಸೇರಿದ್ದವರು ಬೆರಳೆಣಿಕೆಯ ಜನ. ಇಷ್ಟು ದುಡ್ಡು ಸುರಿದು ಏನು ಬಂತು, ಮುಚ್ಚಿಬಿಡೋಣ ಅಂತ ಅಮೆರಿಕದಲ್ಲಿ ಒಂದಕ್ಕಿಂತ ಹೆಚ್ಚು ಸಲ ಚರ್ಚೆಯೂ ಆಗಿತ್ತು. ಒಂಗೋಲಿಗೆ ಬಂದ ಜಾನ್ ಕ್ಲೌ ಅನ್ನೋ ಪಾದ್ರಿ 1867ರ ಜನವರಿ 1ರಂದು ಅಲ್ಲಿ ಸಭೆ ಕಟ್ಟಿದಾಗ ಇದ್ದದ್ದು ಎಂಟೇ ಜನ. ಅದೇ ತಿಂಗಳು ಅವನು ಪೇರಯ್ಯನ ಊರಿಗೆ ಹೋದ. ಹೇಳಿ ಕೇಳಿ ತಯಾರಾಗಿದ್ದ ಮಾದಿಗರು ಸುತ್ತಲ ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದು ಕಾಯುತ್ತಿದ್ದರು. ಬಿತ್ತನೆ ಮುಗಿದಿತ್ತು. ದೊರೆ ಬಂದದ್ದು ಕುಯ್ಲಿಗೆ.

ಒಂಗೋಲಿನ ಮೇಲ್ಜಾತಿಯವರು ಸುಮ್ಮನಿರಲಿಲ್ಲ. ಮಿಷನ್ ಶಾಲೆಗೆ ಅವರ ಮಕ್ಕಳು ಬರುತ್ತಿದ್ದರು. ಮಾದಿಗರನ್ನ ಸೇರಿಸಿಕೊಂಡರೆ ನಾವು ಬರೋದಿಲ್ಲ, ಅವರನ್ನ ಬಿಟ್ಟರೆ ನಾವೇ ಬರಬಹುದು ಅಂದರು. ಪಾದ್ರಿಗೆ ಇದು ಸಣ್ಣ ಆಸೆಯಲ್ಲ. ಬ್ರಾಹ್ಮಣರು ಬಂದರೆ ಮಿಕ್ಕವರೆಲ್ಲ ಹಿಂದೆ ಬರುತ್ತಾರೆ ಅಂತ ಇನ್ನೂರೈವತ್ತು ವರ್ಷದಿಂದ ಎಷ್ಟೋ ಮಿಷನರಿಗಳು ಕಾದು ಕೂತಿದ್ದರು. ಕ್ಲೌ ಮಾದಿಗರ ಕಡೆ ನಿಂತ. ಶಾಲೆ ಖಾಲಿಯಾಯಿತು, ಸಭೆ ತುಂಬಿತು.

*

ಆಮೇಲೆ ಬಂದದ್ದು 1876ರಿಂದ 78ರವರೆಗಿನ ಬರ. ನಮ್ಮ ಮೈಸೂರು ಸೀಮೆಯ ಹಿರಿಯರು ಧಾತು-ಈಶ್ವರದ ಬರ ಅಂತ ಹೇಳುತ್ತಿದ್ದರಲ್ಲ, ಅದೇ. ಕೂಲಿಯನ್ನೇ ನಂಬಿದ್ದ ಮಾದಿಗರು ಮೊದಲು ಸತ್ತರು. ಸರ್ಕಾರ ಬರದ ಕಾಮಗಾರಿ ಅಂತ ಬಕಿಂಗ್‌ಹ್ಯಾಮ್ ಕಾಲುವೆ ಅಗೆಸುತ್ತಿತ್ತು. ಪಾದ್ರಿಯಾಗುವ ಮೊದಲು ಅಮೆರಿಕದಲ್ಲಿ ಭೂಮಾಪಕನಾಗಿ ದುಡಿದಿದ್ದ ಕ್ಲೌ, ಮೂರು ಮೈಲಿಗೂ ಮಿಕ್ಕಿದ ಕಾಲುವೆಯ ಗುತ್ತಿಗೆಯನ್ನ ತಾನೇ ಹಿಡಿದು ಸಾವಿರಾರು ಜನರಿಗೆ ಕೂಲಿ ಕೊಟ್ಟ. ಬೇರೆ ಕಡೆ ಮೇಸ್ತ್ರಿಗಳು ಕೂಲಿಯಲ್ಲಿ ಕದಿಯುತ್ತಿದ್ದರು, ಅಸ್ಪೃಶ್ಯರನ್ನ ಒದ್ದು ಮಾತಾಡಿಸುತ್ತಿದ್ದರು. ಇಲ್ಲಿ ಲೆಕ್ಕ ಹಿಡಿದವರು ಸಭೆಯ ಬೋಧಕರು. ಸಂಜೆ ಕೆಲಸ ಬಿಟ್ಟ ಮೇಲೆ ಅಗೆದ ಮಣ್ಣಿನ ಮೇಲೇ ಕೂತು ಮಾತಾಡುತ್ತಿದ್ದರು.

ಗಂಜಿಗೆ ಮತ ಮಾರಿಕೊಂಡರು ಅನ್ನೋರಿಗೆ ಇಲ್ಲೊಂದು ಉತ್ತರವಿದೆ. ಪರಿಹಾರದ ಕೆಲಸ ನಡೆಯುವಷ್ಟು ಕಾಲ, ಒಂದು ವರ್ಷಕ್ಕೂ ಹೆಚ್ಚು, ಒಂಗೋಲಿನಲ್ಲಿ ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಕೂಲಿ ಮುಗಿದು, ಗಂಜಿ ನಿಂತ ಮೇಲೆ ಜನ ಬಂದರು. ದುಡ್ಡು ಇಲ್ಲ, ಹೋಗಿ ಅಂದರೂ ಹೋಗಲಿಲ್ಲ. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ ಒಂದೇ ದಿನ 2,222 ಜನ ನೀರಿಗಿಳಿದು ಎದ್ದರು. ಅವರನ್ನ ನೀರಿನಲ್ಲಿ ಮುಳುಗಿಸಿ ಎತ್ತಿದ್ದು ಬಿಳಿಯರ ಕೈಯಲ್ಲ. ಆರು ಜನ ತೆಲುಗು ಬೋಧಕರು, ಇಬ್ಬಿಬ್ಬರಾಗಿ ಸರದಿಯಲ್ಲಿ ನಿಂತು ಆ ಕೆಲಸ ಮಾಡಿದರು. ಊರಿನ ಬಾವಿಯ ಹತ್ತಿರ ಸುಳಿದರೆ ಏಟು ತಿನ್ನುತ್ತಿದ್ದ ಜನ ಒಂದು ಇಡೀ ದಿನ ಹೊಳೆಯನ್ನ ತಮ್ಮದು ಮಾಡಿಕೊಂಡಿದ್ದರು.

ಸಭೆ ಸೇರಿದವರಿಗೆ ಮೂರು ಕಟ್ಟಳೆ ಇದ್ದವು: ಭಾನುವಾರ ದುಡಿಯಬೇಡಿ, ಸತ್ತ ದನದ ಬಾಡು ತಿನ್ನಬೇಡಿ, ವಿಗ್ರಹ ಪೂಜಿಸಬೇಡಿ. ಕೇಳೋದಕ್ಕೆ ಸಾಧಾರಣ ಮಾತು. ಆದರೆ ಬಿಟ್ಟಿ ಚಾಕರಿಯ ಮೇಲೆ ನಿಂತಿರುವ ಊರಿಗೆ ಇದರ ಅರ್ಥ ಏನು ನೋಡಿ. ವಾರಕ್ಕೆ ಒಂದು ದಿನ ಮಾದಿಗ ಬರೋದಿಲ್ಲ. ಮಾರಿಹಬ್ಬಕ್ಕೆ ತಮಟೆ ಬಡಿಯೋದಿಲ್ಲ. ಸತ್ತ ದನದ ಬಾಡಿಗೆ ಕೈಯೊಡ್ಡೋದಿಲ್ಲ. ಮುಷ್ಕರ ಅನ್ನೋ ಪದ ಕೇರಿಗೆ ಬರುವ ಮೊದಲೇ ಬಂದ ಮುಷ್ಕರ ಇದು. ಊರು ಹಾಗೆಯೇ ತೀರಿಸಿಕೊಂಡಿತು. ನೀರು ನಿಲ್ಲಿಸಿದರು, ಕೂಲಿ ತಪ್ಪಿಸಿದರು, ಸುಳ್ಳು ಕೇಸು ಹಾಕಿದರು. 1927ರಲ್ಲಿ ಮಹಾಡದ ಸಮಾವೇಶದಲ್ಲಿ ಬಾಬಾಸಾಹೇಬರೂ ಸತ್ತ ದನದ ಬಾಡು ಬಿಡಿ ಅಂತಲೇ ಹೇಳಿದರು. ಮಾತಿನ ಮೂಲ ಬೇರೆಯಿದ್ದರೂ ಅದು ಹೋಗಿ ತಾಗಿದ ಜಾಗ ಒಂದೇ.

ಇದು ಒಂಗೋಲಿನ ಒಂದೇ ಕಥೆಯಲ್ಲ. 1873ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್ ಜಿಲ್ಲೆಯಲ್ಲಿ ದಿತ್ತ್ ಅನ್ನೋ ಚೂಹ್ರಾ ಜಾತಿಯ ಕುಂಟ ಮನುಷ್ಯ, ಅವನೂ ತೊಗಲಿನ ವ್ಯಾಪಾರಿಯೇ, ದೀಕ್ಷಾಸ್ನಾನ ಕೇಳಿಕೊಂಡು ಹೋದ. ಪಾದ್ರಿಗೆ ಅನುಮಾನ. ದಿತ್ತ್ ಊರಿಗೆ ವಾಪಸು ಬಂದು, ನೆಂಟರ ಬೈಗುಳ ತಿಂದು, ತನ್ನವರನ್ನ ಒಬ್ಬೊಬ್ಬರಾಗಿ ಕರೆತಂದ. ಪಂಜಾಬಿನ ಸಭೆ ಬೆಳೆದದ್ದು ಹಾಗೆ. ಮನೆಮನೆ ತಿರುಗಿ ಕಟ್ಟಿದವರು ತೊಗಲು ಹೊತ್ತವರು. ದಾಖಲೆಯಲ್ಲಿ ಉಳಿದದ್ದು ಹೆಚ್ಚಾಗಿ ದೊರೆಗಳ ಹೆಸರು.

*

ಹಾಗಾದರೆ ಸಭೆಯೊಳಗೆ ಜಾತಿ ಸತ್ತಿತೇ? ಇಲ್ಲ. ಇದನ್ನ ಮುಚ್ಚಿಡೋದರಿಂದ ಯಾರಿಗೂ ಉಪಕಾರವಿಲ್ಲ.

1606ರಲ್ಲಿ ಮದುರೆಗೆ ಬಂದ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟು, ಜನಿವಾರ ಹಾಕಿ, ಬ್ರಾಹ್ಮಣ ಅಡುಗೆಯವನನ್ನ ಇಟ್ಟುಕೊಂಡ. ಮೇಲ್ಜಾತಿಗೆ ಒಂದು ಬಗೆಯ ಗುರು, ಕೆಳಜಾತಿಗೆ ಇನ್ನೊಂದು ಬಗೆಯ ಗುರು ಅನ್ನೋ ಪದ್ಧತಿ ಅಲ್ಲಿ ಬೆಳೆಯಿತು. 1623ರಲ್ಲಿ ರೋಮಿನ ಪೋಪರು ಹೊಸ ಕ್ರೈಸ್ತರು ಜನಿವಾರ, ಜುಟ್ಟು ಉಳಿಸಿಕೊಳ್ಳೋದಕ್ಕೆ ಒಪ್ಪಿಗೆ ಕೊಟ್ಟರು. ಜನಿವಾರ ಒಳಗೆ ಬಂದ ಮೇಲೆ ಗೋಡೆ ಬರೋದು ತಡವಾಗಲಿಲ್ಲ. ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಒಂದು ಪೀಠಕ್ಕೆ ಎರಡು ಅಂಕಣ ಕೂಡಿಸಿ ಇಗರ್ಜಿ ಕಟ್ಟಿದರು. ಒಂದು ವೆಳ್ಳಾಳರಿಗೆ, ಇನ್ನೊಂದು ನಾಡಾರರಿಗೆ. ನಡುವೆ ಗೋಡೆ. 1910ರಲ್ಲಿ ಆ ಗೋಡೆ ಒಡೆದಾಗ ವೆಳ್ಳಾಳರು ನಮ್ಮ ಹಕ್ಕು ಹೋಯಿತು ಅಂತ ಕೋರ್ಟಿಗೆ ಹೋಗಿ ಸೋತರು. ಕೇರಳದಲ್ಲಿ ಪೊಯ್ಕಯಿಲ್ ಯೋಹನ್ನಾನ್ ಒಂದು ಸಭೆಯಿಂದ ಇನ್ನೊಂದು ಸಭೆಗೆ ಹೋಗಿ ನೋಡಿದ. ಎಲ್ಲ ಕಡೆಯೂ ಪರಯ ಪರಯನೇ. ಬೇಸತ್ತು 1909ರ ಸುಮಾರಿಗೆ ತನ್ನದೇ ಪ್ರತ್ಯಕ್ಷ ರಕ್ಷಾ ದೈವ ಸಭೆ ಕಟ್ಟಿದ. ಇದೆಲ್ಲ ಹಳೆಯದು ಅನ್ನುವ ಹಾಗಿಲ್ಲ. 2008ರ ಮಾರ್ಚಿನಲ್ಲಿ ತಮಿಳುನಾಡಿನ ಎರೈಯೂರಿನಲ್ಲಿ ದಲಿತ ಕ್ರೈಸ್ತರು ನಮಗೆ ಬೇರೆ ಧರ್ಮಕೇಂದ್ರ ಕೊಡಿ ಅಂತ ಕೇಳಿದ್ದಕ್ಕೆ ಜಾತಿ ಕ್ರೈಸ್ತರು ಕೇರಿಗೆ ನುಗ್ಗಿದರು. ಗಲಭೆ, ಗೋಲಿಬಾರು, ಎರಡು ಹೆಣ.

*

ಈಗ ಸರ್ಕಾರದ ಕಡೆ ನೋಡೋಣ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪರಿಚ್ಛೇದ, ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ ಅಂತು. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರೂ ಮುಸಲ್ಮಾನರೂ ಹೊರಗೇ ಉಳಿದರು. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರಿಗೆ ಹಿಂದುಳಿದ ವರ್ಗದ ಪ್ರವರ್ಗ-1ರಲ್ಲಿ ಜಾಗ ಸಿಕ್ಕಿದೆ. ಆದರೆ ಮೀಸಲು ಕ್ಷೇತ್ರವಾಗಲಿ, ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯಾಗಲಿ ಅದರಿಂದ ಬರೋದಿಲ್ಲ.

ಇದರ ಅರ್ಥ ತಿಳಿಯಬೇಕಾದರೆ 1985ನೇ ಇಸವಿಯನ್ನ ನೆನೆಯಬೇಕು. ಆ ವರ್ಷ ಜುಲೈ 17ರಂದು ಕಾರಂಚೇಡು ಅನ್ನೋ ಹಳ್ಳಿಯಲ್ಲಿ ಕಮ್ಮ ಜಮೀನುದಾರರು ಮಾದಿಗರ ಕೇರಿಗೆ ನುಗ್ಗಿ ಅಟ್ಟಾಡಿಸಿಕೊಂಡು ಆರು ಜನರನ್ನ ಕೊಂದರು, ಹೆಂಗಸರ ಮೇಲೆ ಬಿದ್ದರು. ಶುರುವಾದದ್ದು ಕುಡಿಯುವ ನೀರಿನ ಕೆರೆಯನ್ನ ಕೆಡಿಸಬೇಡಿ ಅಂದ ಮಾತಿನಿಂದ. ಕಾರಂಚೇಡು ಆಗ ಒಂಗೋಲು ಕೇಂದ್ರವಾಗಿದ್ದ ಪ್ರಕಾಶಂ ಜಿಲ್ಲೆಯಲ್ಲೇ ಇತ್ತು. ಪೇರಯ್ಯನ ಸಭೆ ಬೆಳೆದ ನೆಲ ಅದು. ಸತ್ತವರಲ್ಲಿ ಬೈಬಲಿನ ಹೆಸರಿನವರಿದ್ದರು. ಕೊಡಲಿ ಹಿಡಿದು ಬಂದವರು ದೀಕ್ಷಾಸ್ನಾನದ ಪತ್ರ ಕೇಳಲಿಲ್ಲ.

ಅದಾಗಿ ಎಪ್ಪತ್ತೈದು ದಿನಕ್ಕೆ, ಸೆಪ್ಟೆಂಬರ್ 30ರಂದು, ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಸೂಸೈ ಅನ್ನೋ ಆದಿದ್ರಾವಿಡ ಕ್ರೈಸ್ತ ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಸರ್ಕಾರ 1982ರಲ್ಲಿ ಹಾಗೆ ಕೂತು ಹೊಲಿಯುವವರಿಗೆ ಪುಕ್ಕಟೆ ಗೂಡಂಗಡಿ ಕೊಟ್ಟಿತು. ಪಕ್ಕದವನಿಗೆ ಸಿಕ್ಕಿತು, ಸೂಸೈಗೆ ಸಿಗಲಿಲ್ಲ. ಅದೇ ರಸ್ತೆ, ಅದೇ ಉಳಿ, ಅದೇ ತೊಗಲು, ಅದೇ ಜಾತಿ. ದೇವರು ಮಾತ್ರ ಬೇರೆ. ಕೋರ್ಟು ಹೇಳಿದ್ದು ಇಷ್ಟು: ಮತಾಂತರದ ನಂತರವೂ ಜಾತಿ ಉಳಿದಿದೆ ಅಂದರೆ ಸಾಲದು, ಹೊಸ ಧರ್ಮದ ಸಮುದಾಯದಲ್ಲೂ ಅದರ ಕಷ್ಟ ಅಷ್ಟೇ ಘೋರವಾಗಿದೆ ಅಂತ ಸಾಬೀತು ಮಾಡಬೇಕು. ಸೂಸೈ ಸೋತ.

ಸಾಬೀತು ಮಾಡಬೇಕಾದವರು ಯಾರು? ಸಭೆ. ಗೋಡೆ ಯಾವಾಗ ಕಟ್ಟಿದರು, ಗೋರಿಯ ಜಾಗ ಹೇಗೆ ಹಂಚಿದರು, ಪಾದ್ರಿ ಕೆಲಸ ಯಾರಿಗೆ ಕೊಟ್ಟರು ಅನ್ನೋ ಲೆಕ್ಕವೆಲ್ಲ ಇದ್ದದ್ದು ಅದರ ಕಪಾಟಿನಲ್ಲಿ. ಆದರೆ ಕ್ರಿಸ್ತನಲ್ಲಿ ಜಾತಿಯಿಲ್ಲ ಅಂತ ವೇದಿಕೆ ಮೇಲೆ ಹೇಳಿಕೊಂಡು ಬಂದ ಬಾಯಿಗೆ ನಮ್ಮಲ್ಲಿ ಜಾತಿ ಇದೆ ಅನ್ನೋದು ಕಷ್ಟ. ಕಥೋಲಿಕ ಬಿಷಪ್ಪರ ಮಂಡಳಿ ಆ ಮಾತನ್ನ ಸ್ಪಷ್ಟವಾಗಿ ಬರೆದುಕೊಟ್ಟದ್ದು 2016ರ ಡಿಸೆಂಬರಿನಲ್ಲಿ. ತಮ್ಮ 1 ಕೋಟಿ 90 ಲಕ್ಷ ಜನರಲ್ಲಿ 1 ಕೋಟಿ 20 ಲಕ್ಷ ದಲಿತರು, ಸಭೆಯೊಳಗೆ ಅಸ್ಪೃಶ್ಯತೆ ಇದೆ, ನಾಯಕತ್ವದಲ್ಲಿ ದಲಿತರು ತೀರ ಕಡಿಮೆ ಅಂತ ಒಪ್ಪಿಕೊಂಡರು. ಭಾರತದ ಮೊದಲ ದಲಿತ ಕಾರ್ಡಿನಲ್ ಆಗಿ ಹೈದರಾಬಾದಿನ ಆಂಟನಿ ಪೂಲ ನೇಮಕವಾದದ್ದು 2022ರಲ್ಲಿ. ಅವರೂ ತೆಲುಗು ನೆಲದವರೇ.

*

ಇವತ್ತು ಸಭೆಯ ಮುಂದಿರುವ ಸವಾಲು ಅಂದಾಗ ಎಲ್ಲರೂ ಹೊರಗಿನ ಕಲ್ಲೇಟಿನ ಮಾತಾಡುತ್ತಾರೆ. ಅದು ನಿಜ. ಕರ್ನಾಟಕದ 2022ರ ಮತಾಂತರ ತಡೆ ಕಾಯಿದೆ ಹೆಚ್ಚಿನ ಶಿಕ್ಷೆ ಹೇಳುವಾಗ ಮಕ್ಕಳು, ಹೆಂಗಸರು, ಬುದ್ಧಿ ಸ್ವಸ್ಥವಿಲ್ಲದವರು, ಪರಿಶಿಷ್ಟರು, ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನ ರದ್ದು ಮಾಡುವ ತೀರ್ಮಾನ ಮಾಡಿತು. ಆದರೆ ಆ ಸಾಲಿನ ಹಿಂದಿರುವ ಬುದ್ಧಿ ಎಲ್ಲೂ ಹೋಗಿಲ್ಲ: ನಮಗೆ ಸ್ವಂತ ತೀರ್ಮಾನ ಅನ್ನೋದೇ ಇರೋಲ್ಲ, ಯಾರೋ ಕರೆದರೆ ಹೋಗುತ್ತೇವೆ ಅನ್ನೋ ಬುದ್ಧಿ. ಪೇರಯ್ಯ, ನಾಗಮ್ಮ, ದಿತ್ತ್ ಇವರೇ ಅದಕ್ಕೆ ಉತ್ತರ.

ಒಳಗಿನ ಸವಾಲು ಇನ್ನೂ ದೊಡ್ಡದು. ಅಡಿಪಾಯ ಹಾಕಿದ ಮಕ್ಕಳನ್ನ ಬಾಗಿಲ ಹತ್ತಿರ ನಿಲ್ಲಿಸಿ ಕಟ್ಟಡ ಎಷ್ಟು ದಿನ ನಿಲ್ಲುತ್ತೆ? ಸಭೆಯ ಶಾಲೆ, ಆಸ್ಪತ್ರೆ, ಜಮೀನುಗಳಲ್ಲಿ ಕೇರಿಯ ಪಾಲೆಷ್ಟು ಅನ್ನೋ ಪ್ರಶ್ನೆಗೆ ಪ್ರಾರ್ಥನೆ ಉತ್ತರವಾಗೋದಿಲ್ಲ.

ಮೂರನೇ ಸವಾಲು ನಮ್ಮದು, ದಲಿತ ಚಳವಳಿಯದು. ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಆ ಮೂರನೇ ಪರಿಚ್ಛೇದ ತೆಗೆಯಿರಿ ಅಂದಿತು. 2022ರಲ್ಲಿ ಮತ್ತೆ ಬಾಲಕೃಷ್ಣನ್ ಆಯೋಗ ಬಂತು, ಅದರ ಅವಧಿಯೂ ಮತ್ತೆ ಮತ್ತೆ ವಿಸ್ತರಣೆಯಾಯಿತು. 2025ರಲ್ಲಿ ಆಂಧ್ರ ಹೈಕೋರ್ಟು ಕ್ರೈಸ್ತನಾದ ದಲಿತ ಪಾದ್ರಿಯೊಬ್ಬನಿಗೆ ದೌರ್ಜನ್ಯ ತಡೆ ಕಾಯಿದೆ ಅನ್ವಯಿಸೋದಿಲ್ಲ ಅಂತು. ಅದೇ ವರ್ಷ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ ಜಾತಿಯ ಜೊತೆ ಕ್ರಿಶ್ಚಿಯನ್ ಅಂತ ಸೇರಿಸಿದ್ದ ಹೆಸರುಗಳಿಗೆ ಗಲಾಟೆಯಾಗಿ 33 ಹೆಸರುಗಳು ಪಟ್ಟಿಯಿಂದ ಮರೆಯಾದವು. ಆಗ ನಾವೇನು ಮಾಡಿದೆವು? ನಮ್ಮಲ್ಲಿ ಹಲವರು ಬಾಯಿ ಮುಚ್ಚಿಕೊಂಡು ಕೂತೆವು. ಅವರು ಬಂದರೆ ನಮ್ಮ ಪಾಲು ಕಡಿಮೆಯಾಗುತ್ತೆ ಅನ್ನೋ ಲೆಕ್ಕ. ಈ ಭಯ ಸುಳ್ಳಲ್ಲ. ಪಾತ್ರೆ ಅಷ್ಟೇ ಇಟ್ಟು ಎಲೆ ಹೆಚ್ಚಿಸಿದರೆ ಎಲ್ಲರಿಗೂ ಹಸಿವೇ. ಆದರೆ ಅದಕ್ಕೆ ಪಾತ್ರೆ ದೊಡ್ಡದು ಮಾಡಿ ಅಂತ ಒಟ್ಟಾಗಿ ಕೇಳಬೇಕೇ ಹೊರತು ಪಂಕ್ತಿಯಿಂದ ಅಣ್ಣತಮ್ಮಂದಿರನ್ನ ಎಬ್ಬಿಸೋದಲ್ಲ. ಪಂಕ್ತಿಯಿಂದ ಎಬ್ಬಿಸೋದು ಯಾರ ಸಂಪ್ರದಾಯ ಅಂತ ನಮಗೆ ಗೊತ್ತು. ನಮ್ಮ ಮೀಟಿಂಗುಗಳಿಗೆ ಬಂದ ದಲಿತ ಕ್ರೈಸ್ತ ಹುಡುಗರನ್ನ ಎಸ್ಸಿ ಸರ್ಟಿಫಿಕೇಟ್ ಇದೆಯೇನಪ್ಪ ಅಂತ ಕೇಳಿದವರು ನಮ್ಮಲ್ಲೂ ಇದ್ದಾರೆ. ಕಾರಂಚೇಡಿನ ಕೊಲೆಗಾರರು ಕೇಳದ ಪತ್ರವನ್ನ ನಾವು ಕೇಳಿದೆವು.

ಕ್ಲೌನ ಎರಡನೇ ಹೆಂಡತಿ ಎಮ್ಮಾ ಒಂಗೋಲಿನ ಮಾದಿಗ ಹಿರಿಯರ ಬಾಯಿಂದ ಕೇಳಿ ಅವರ ಕಥೆಗಳನ್ನ 1899ರಲ್ಲಿ ಪುಸ್ತಕ ಮಾಡಿದಳು. ಕೆರ ಹೊಲಿಯುತ್ತಾ ಅಂತ ಅದರ ಹೆಸರಿನ ಅರ್ಥ. ಪೇರಯ್ಯ ನಮಗೆ ಇಷ್ಟಾದರೂ ಗೊತ್ತಾದದ್ದು ಅದರಿಂದ. ಆ ಕೆಲಸವನ್ನ ಈಗ ನಾವು ಮಾಡಬೇಕು. ನಿಮ್ಮೂರಿನ ಚರ್ಚಿನ ಕೇರಿಯಲ್ಲಿ ಹಿರಿಯರಿದ್ದಾರೆ. ಅವರ ಅಜ್ಜ ಯಾಕೆ ಕಿರಸ್ತಾನನಾದ, ಆದ ಮೇಲೆ ಊರು ಏನು ಮಾಡಿತು, ಪಾದ್ರಿ ಏನು ಮಾಡಿದ ಅಂತ ಕೂತು ಕೇಳಿ, ಬರೆದುಕೊಳ್ಳಿ. ಮೇಷ್ಟ್ರುಗಳು ಮಕ್ಕಳ ಕೈಲಿ ಬರೆಸಿ. ಮುಂದಿನ ಸಭೆಯ ಕರಪತ್ರ ಹಂಚುವಾಗ ಆ ಕೇರಿಯನ್ನ ದಾಟಿ ಹೋಗದೆ, ಮೊದಲ ಕರಪತ್ರ ಅಲ್ಲೇ ಕೊಡೋಣ.