ವ್ರತಚಿಹ್ನೆ ಮತ್ತು ಶಾಲೆಯ ಹೊಸ್ತಿಲು: ಧರ್ಮಸ್ವಾತಂತ್ರ್ಯ ಹಾಗೂ ರಕ್ಷಣಾ ನಿಯಮಗಳ ಚಾರಿತ್ರಿಕ ಅವಲೋಕನ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಅಗರಖೇಡ ಭೀಮಾ ಸೀಮೆಯ ಊರು. ಅದರ ಹೆಸರಿನಲ್ಲಿ ಎರಡು ಪದಗಳು ಕೂಡಿವೆ. ‘ಅಗರ’ ಎಂಬುದು ಅಗ್ರಹಾರ ಶಬ್ದದ ಸವೆದ ರೂಪವೆಂದು ತಿಳಿಯಬಹುದು. ‘ಖೇಡ’ ಎಂಬುದು ಶಾಸನಗಳ ಗ್ರಾಮ, ನಗರ, ಖೇಡ, ಖರ್ವಡ, ಮಡಂಬ ಎಂಬ ವಸತಿಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣಿಸುವ ಪದ. ಆಚಾರ್ಯ ಜಿನಸೇನರು ಸಂಸ್ಕೃತ ಆದಿಪುರಾಣದಲ್ಲಿ ನದಿ ಮತ್ತು ಗಿರಿಗಳಿಂದ ಸುತ್ತುವರಿದ ನೆಲೆಯನ್ನು ಖೇಟವೆಂದು ಕರೆದಿದ್ದಾರೆ. ಹೀಗೆ ಒಂದೇ ಊರಿನ ಹೆಸರಿನಲ್ಲಿ ವಿದ್ಯೆಯ ನೆಲೆ ಮತ್ತು ರಕ್ಷಿತವಾದ ನೆಲೆ ಎಂಬ ಎರಡು ಅರ್ಥಗಳೂ ಜೊತೆಯಾಗಿವೆ. ವಿದ್ಯೆಯ ಸ್ಥಾನದಲ್ಲಿ ಕಲಿಯುವವನ ಧರ್ಮಕ್ಕೆ ಎಷ್ಟು ಅವಕಾಶ, ಅಲ್ಲಿಯ ರಕ್ಷಣೆಯ ಕಟ್ಟಳೆಗೆ ಎಷ್ಟು ಅಧಿಕಾರ ಎಂಬ ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕವನ್ನು ಪದೇ ಪದೇ ಕಾಡಿದೆ. ಆ ಪ್ರಶ್ನೆಗೆ ಒಂದು ದೀರ್ಘ ಪೂರ್ವೇತಿಹಾಸವಿದೆ.

ಸಾಲೋಟಗಿಯ ಶಾಲೆ

ಇದೇ ಇಂಡಿ ತಾಲೂಕಿನ ಸಾಲೋಟಗಿಯ ಕಂಬದ ಶಾಸನ ಕರ್ನಾಟಕದ ಶಿಕ್ಷಣ ಚರಿತ್ರೆಯ ಪ್ರಮುಖ ಆಕರಗಳಲ್ಲೊಂದು. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಅವನ ಮಂತ್ರಿ ನಾರಾಯಣನು ಅಂದಿನ ಪಾವಿಟ್ಟಗೆಯಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದರು. ಅವರ ವಾಸಕ್ಕೆ 27 ಮನೆಗಳಿದ್ದವು. ಉಪಾಧ್ಯಾಯನಿಗೆ 50 ನಿವರ್ತನ ಭೂಮಿ, ದೀಪಕ್ಕೆಂದೇ 12 ನಿವರ್ತನ ಭೂಮಿ ಮೀಸಲಾಗಿತ್ತು. ಊರಿನ ಮನೆಗಳಲ್ಲಿ ಮದುವೆ, ಉಪನಯನ, ಚೌಲಗಳು ನಡೆದಾಗ ಶಾಲೆಗೆ ಕಾಣಿಕೆ ಸಲ್ಲಬೇಕಿತ್ತು. ಈಗಿನ ಊರಹೆಸರಿನ ಮೊದಲಲ್ಲಿ ನಿಂತಿರುವುದು ಆ ಶಾಲೆಯೇ.

ಈ ಏರ್ಪಾಡಿನಲ್ಲಿ ಗಮನಾರ್ಹವಾದ ಅಂಶವೆಂದರೆ, ದೂರದಿಂದ ಬಂದ ವಿದ್ಯಾರ್ಥಿಯ ವಸತಿ, ಅನ್ನ, ಬೆಳಕು ಇವುಗಳ ಹೊಣೆಯನ್ನು ದಾನಿಯೂ ಊರೂ ಹೊತ್ತದ್ದು. ಆದರೆ ಅಂದಿನ ವಿದ್ಯಾಸ್ಥಾನ ಬಹುಮಟ್ಟಿಗೆ ಒಂದು ಸಂಪ್ರದಾಯದ ಸ್ಥಾನ. ಸಾಲೋಟಗಿಯದು ವೈದಿಕ ವಿದ್ಯೆಯ ಶಾಲೆ. 1058ರ ನಾಗಾವಿ ಘಟಿಕಾಸ್ಥಾನದಲ್ಲಿ ವೇದವನ್ನು ಕಲಿಯುವ 200 ಮಂದಿಗೂ ಶಾಸ್ತ್ರವನ್ನು ಕಲಿಯುವ 50 ಮಂದಿಗೂ ವ್ಯವಸ್ಥೆಯಿತ್ತು. ಬಸದಿ ಮಠಗಳಲ್ಲಿ ಜೈನ ವಿದ್ಯಾಭ್ಯಾಸ ನಡೆಯುತ್ತಿತ್ತು. ಹೀಗಾಗಿ ವಿದ್ಯಾರ್ಥಿಯ ಮೈಮೇಲಿನ ಧಾರ್ಮಿಕ ಚಿಹ್ನೆ ಅಲ್ಲಿ ವಿವಾದದ ವಸ್ತುವಾಗುವಂತಿರಲಿಲ್ಲ. ಚಿಹ್ನೆಯೇ ವಿದ್ಯಾರ್ಥಿಯ ಸಮವಸ್ತ್ರವಾಗಿತ್ತು.

ಆದಿಪುರಾಣದ ಎರಡು ಸಾಕ್ಷ್ಯಗಳು

ಈ ಮಾತಿಗೆ ಜಿನಸೇನರ ಆದಿಪುರಾಣವೇ ಸಾಕ್ಷಿ. ಒಂಬತ್ತನೆಯ ಶತಮಾನದ ಈ ಮಹಾಗ್ರಂಥದ 38ನೆಯ ಪರ್ವದಲ್ಲಿ ಗರ್ಭಾನ್ವಯ ಕ್ರಿಯೆಗಳ ನಿರೂಪಣೆಯಿದೆ. ಅಲ್ಲಿ ಉಪನೀತಿಯಾದ ಬ್ರಹ್ಮಚಾರಿಗೆ ನಾಲ್ಕು ಲಿಂಗಗಳು, ಅಂದರೆ ಚಿಹ್ನೆಗಳು, ಹೇಳಲ್ಪಟ್ಟಿವೆ. ಸೊಂಟಕ್ಕೆ ಮೂರೆಳೆಯ ಮೌಂಜಿ, ತೊಡೆಗಳನ್ನು ಮುಚ್ಚುವ ಶುಭ್ರವಸ್ತ್ರ, ಎದೆಯ ಮೇಲೆ ಏಳು ಎಳೆಯ ಯಜ್ಞೋಪವೀತ, ಮುಂಡಿತವಾದ ಶಿರಸ್ಸು. ವಿದ್ಯಾಭ್ಯಾಸ ಮುಗಿದ ಮೇಲೆ ವ್ರತಾವತರಣ ಕ್ರಿಯೆಯಲ್ಲಿ ಆ ಕಾಲಕ್ಕೆ ಸೀಮಿತವಾದ ನಿಯಮಗಳು ಸಡಿಲಗೊಂಡು, ಸಾರ್ವಕಾಲಿಕ ವ್ರತಗಳು ಉಳಿಯುತ್ತವೆ. ಜನಿವಾರವು ವೈದಿಕರಿಗೆ ಮಾತ್ರ ಸೇರಿದ್ದೆಂಬ ಈಗಿನ ಸಾಮಾನ್ಯ ಗ್ರಹಿಕೆ ಪೂರ್ಣವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ದಿಗಂಬರ ಜೈನ ಶ್ರಾವಕರಲ್ಲಿಯೂ ಅದು ವ್ರತಚಿಹ್ನೆ.

ಎರಡನೆಯ ಸಾಕ್ಷ್ಯ ಇನ್ನೂ ಅರ್ಥಪೂರ್ಣವಾದುದು. ಭರತ ಚಕ್ರವರ್ತಿಯು ವ್ರತಿಗಳನ್ನು ಗುರುತಿಸಿ ಸತ್ಕರಿಸಬೇಕೆಂದು ಬಗೆದು ಜನರನ್ನು ತನ್ನ ಅರಮನೆಗೆ ಕರೆಸುತ್ತಾನೆ. ಅಂಗಳದ ತುಂಬ ಹಸಿರು ಮೊಳಕೆ, ಹೂವು, ಹಣ್ಣುಗಳನ್ನು ಹರಡಿಸಿರುತ್ತಾನೆ. ಅವ್ರತಿಗಳು ಅವನ್ನು ತುಳಿದು ಒಳಗೆ ಬರುತ್ತಾರೆ. ವ್ರತಿಗಳು ಹಸಿರಿನಲ್ಲಿರುವ ಜೀವಗಳಿಗೆ ಹಿಂಸೆಯಾಗುವುದೆಂದು ಹೊರಗೇ ನಿಲ್ಲುತ್ತಾರೆ, ಕೆಲವರು ಹಿಂದಿರುಗಲೂ ತೊಡಗುತ್ತಾರೆ. ಚಕ್ರವರ್ತಿಯ ಆಗ್ರಹದ ಮೇಲೆ ಅವರು ಜೀವರಹಿತವಾದ ಬೇರೊಂದು ಪ್ರಾಸುಕ ಮಾರ್ಗದಿಂದ ಒಳಗೆ ಬರುತ್ತಾರೆ. ಅನಂತರ ಅವರ ವ್ರತದ ಪ್ರತಿಮೆಗಳಿಗೆ ಅನುಗುಣವಾಗಿ ಒಂದರಿಂದ ಹನ್ನೊಂದು ಎಳೆಗಳ ಬ್ರಹ್ಮಸೂತ್ರವನ್ನು ಅವನು ಅವರಿಗೆ ಕೊಡುತ್ತಾನೆ.

ಈ ಕಥೆಯನ್ನು ವರ್ಣೋತ್ಪತ್ತಿಯ ಪ್ರಸಂಗವೆಂದಷ್ಟೇ ಓದುವುದು ವಾಡಿಕೆ. ಹೊಸ್ತಿಲಿನ ಪ್ರಸಂಗವಾಗಿಯೂ ಇದನ್ನು ಓದಲು ಸಾಧ್ಯ. ಬಾಗಿಲು ಎಲ್ಲರಿಗೂ ತೆರೆದಿತ್ತು. ಆದರೆ ಒಳಗೆ ಬರುವ ದಾರಿ ಕೆಲವರಿಗೆ ಮಾತ್ರ ತಮ್ಮ ವ್ರತವನ್ನು ಮುರಿಯದೆ ನಡೆಯಲಾಗದಂಥದು. ಹಿಂದಿರುಗುತ್ತಿದ್ದವರನ್ನು ಹಾಗೆಯೇ ಹೋಗಗೊಡದೆ ಇನ್ನೊಂದು ದಾರಿಯಿಂದ ಬರಮಾಡಿಕೊಂಡದ್ದು ಭರತನ ರಾಜಧರ್ಮ.

1368ರ ತೀರ್ಪು

ಧರ್ಮಸ್ವಾತಂತ್ರ್ಯ ಮತ್ತು ರಕ್ಷಣೆ ಒಂದೇ ಶಾಸನದಲ್ಲಿ ಕೂಡಿ ಬರುವ ಪ್ರಸಿದ್ಧ ಸಂದರ್ಭ ಕ್ರಿ.ಶ. 1368ರ ಶ್ರವಣಬೆಳಗೊಳದ ಬುಕ್ಕರಾಯನ ಶಾಸನ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ನಾಡುಗಳ ಜೈನರು ವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಪೂರ್ವದಂತೆ ಸಲ್ಲುವುದೆಂದು ವಿಧಿಸಿದನು.

ತೀರ್ಪು ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿಯೊಂದು ಜೈನ ಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ನೇಮಿಸಬೇಕು; ಉಳಿದ ಹಣದಿಂದ ಜೀರ್ಣ ಜಿನಾಲಯಗಳನ್ನು ಸರಿಪಡಿಸಬೇಕು; ಈ ಹೊಣೆ ತಿರುಮಲೆಯ ತಾತಯ್ಯನದು ಎಂದು ಗೊತ್ತುಮಾಡಲಾಯಿತು. ತಾತಯ್ಯ ವೈಷ್ಣವ. ಭಯವಿದ್ದ ಕಡೆಯ ಕಾವಲನ್ನು ಎದುರು ಪಕ್ಷದ ಹಿರಿಯನಿಗೇ ಒಪ್ಪಿಸಿದ್ದು ಅರಸನ ವಿವೇಕ. ಕಾವಲಿನ ವೆಚ್ಚ ಮಾತ್ರ ದೂರುಕೊಟ್ಟವರ ಮನೆಗಳಿಂದಲೇ ಬಂದಿತು ಎಂಬುದನ್ನೂ ಚರಿತ್ರಕಾರ ಮರೆಯಬಾರದು. ಸಮನ್ವಯದ ದಾಖಲೆಯೆಂದು ಕೊಂಡಾಡುವಾಗ ಈ ವಾಕ್ಯದ ಮೇಲೆ ಕಣ್ಣು ನಿಲ್ಲುವುದು ಕಡಿಮೆ. ಸ್ವಾತಂತ್ರ್ಯಕ್ಕೆ ರಕ್ಷಣೆ ಬೇಕು, ರಕ್ಷಣೆಗೆ ವೆಚ್ಚವಿದೆ, ಆ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಆರೂವರೆ ಶತಮಾನಗಳ ಹಿಂದೆಯೇ ಎದ್ದಿತ್ತು.

1856: ಧಾರವಾಡದ ಬಾಲಕ

ಸರಕಾರಿ ಶಾಲೆ ಎಂಬ ಹೊಸ ಸಂಸ್ಥೆ ಬಂದಾಗ ಪರಿಸ್ಥಿತಿ ಮೂಲತಃ ಬದಲಾಯಿತು. ಅದು ಒಂದು ಸಂಪ್ರದಾಯದ ಸ್ಥಾನವಾಗಿರದೆ ಎಲ್ಲರಿಗೂ ಸೇರಿದ ಸ್ಥಾನವಾಗಬೇಕಿತ್ತು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಈ ತತ್ತ್ವದ ಮೊದಲ ದೊಡ್ಡ ಪರೀಕ್ಷೆ 1856ರಲ್ಲಿ ಧಾರವಾಡದಲ್ಲಿ ನಡೆಯಿತು. ಮಹಾರ ಸಮುದಾಯದ ಬಾಲಕನೊಬ್ಬ ಅಲ್ಲಿಯ ಸರಕಾರಿ ಶಾಲೆಗೆ ಪ್ರವೇಶ ಕೋರಿದನು. ಪ್ರವೇಶ ದೊರೆಯಲಿಲ್ಲ. ನ್ಯಾಯ ಬಾಲಕನ ಕಡೆಗಿದೆಯೆಂಬುದನ್ನು ಮುಂಬಯಿ ಸರಕಾರ ಅಲ್ಲಗಳೆಯಲಿಲ್ಲ. ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರು ಬಿಟ್ಟುಹೋಗಿ ಶಾಲೆಯೇ ನಿಷ್ಪ್ರಯೋಜಕವಾದೀತೆಂಬುದು ಅದರ ವಾದವಾಗಿತ್ತು. ಮೇಲಿನ ಅಧಿಕಾರಿಗಳು ಈ ನಿಲುವನ್ನು ಒಪ್ಪಲಿಲ್ಲ. ಸರಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕೆಂಬ ನೀತಿ ಮುಂದೆ ಘೋಷಿತವಾಯಿತು. ಆಚರಣೆಗೆ ಬರಲು ಮಾತ್ರ ಹಲವು ದಶಕಗಳೇ ಹಿಡಿದವು.

ಇದು ವ್ರತಚಿಹ್ನೆಯ ಪ್ರಕರಣವಲ್ಲ, ಅಸ್ಪೃಶ್ಯತೆಯ ಪ್ರಕರಣ. ಎರಡನ್ನೂ ಸಮೀಕರಿಸುವುದು ತಪ್ಪಾದೀತು. ಆದರೂ ಶಾಲೆಯ ಶಾಂತಿಯ ಹೆಸರಿನಲ್ಲಿ ನಡೆಯುವ ವಾದದ ಸ್ವರೂಪ ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣಿಸಿಕೊಂಡಿದೆ. ಅಶಾಂತಿಯನ್ನು ಉಂಟುಮಾಡುವವರು ಒಬ್ಬರು, ಅದರ ಫಲವನ್ನು ಉಣ್ಣುವವರು ಇನ್ನೊಬ್ಬರು. ಕಾವಲಿನ ವೆಚ್ಚವನ್ನು ಬಾಲಕನು ತನ್ನ ವಿದ್ಯೆಯನ್ನೇ ಕೊಟ್ಟು ತೆರಬೇಕಾಯಿತು.

ಸಂವಿಧಾನದ ಕಾಲ

ಭಾರತ ಸಂವಿಧಾನದ 25ನೆಯ ಅನುಚ್ಛೇದ ಧರ್ಮಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಗಳಿಗೆ ಒಳಪಟ್ಟು ಕೊಟ್ಟಿದೆ. ಅದೇ ಅನುಚ್ಛೇದದ ವಿವರಣೆ ಕೃಪಾಣಧಾರಣೆ ಸಿಖ್ ಧರ್ಮಾಚರಣೆಯ ಭಾಗವೆಂದು ಹೇಳುತ್ತದೆ. 1699ರ ಪಂಚ ಪ್ಯಾರೇಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರೆಂಬುದು ಸಿಖ್ ಪರಂಪರೆಯ ನಂಬಿಕೆ. ಆದುದರಿಂದ ಈ ಚಿಹ್ನೆ ಕನ್ನಡನಾಡಿಗೆ ಹೊರಗಿನದಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆ ದೇಶದ ಗಮನ ಸೆಳೆದದ್ದು ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಹಿಜಾಬ್ ವಿವಾದದಿಂದ. 2022ರ ಫೆಬ್ರುವರಿ 5ರ ಸರಕಾರಿ ಆದೇಶ ಸಮವಸ್ತ್ರದ ಪಾಲನೆಯನ್ನು ವಿಧಿಸಿತು; ಸಮಾನತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಗೆ ಭಂಗ ತರುವ ಉಡುಪು ಸಲ್ಲದೆಂದಿತು. ಮಾರ್ಚ್ 15ರಂದು ರಾಜ್ಯ ಉಚ್ಚ ನ್ಯಾಯಾಲಯದ ತ್ರಿಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪುಗಳನ್ನಿತ್ತರು. ನ್ಯಾ. ಹೇಮಂತ್ ಗುಪ್ತಾ ಆದೇಶವನ್ನು ಒಪ್ಪಿದರೆ, ನ್ಯಾ. ಸುಧಾಂಶು ಧೂಲಿಯಾ ಬಾಲಕಿಯರ ಶಿಕ್ಷಣವೇ ಮುಖ್ಯವೆಂದು ಭಾವಿಸಿ ಅದನ್ನು ತಳ್ಳಿಹಾಕಿದರು. ಇಲ್ಲಿ ಚರ್ಚೆಗೆ ಬಂದದ್ದು ಪ್ರಧಾನವಾಗಿ ಏಕರೂಪತೆ ಮತ್ತು ಶಿಸ್ತು. ದೇಹಕ್ಕೆ ಅಪಾಯ ಅಥವಾ ಪರೀಕ್ಷೆಗೆ ವಂಚನೆ ಎಂಬ ಅರ್ಥದ ರಕ್ಷಣೆ ಅಲ್ಲಿ ವಿಷಯವಾಗಿರಲಿಲ್ಲ. ಈ ಭೇದವನ್ನು ಕಾಯ್ದುಕೊಳ್ಳದಿದ್ದರೆ ವಿಮರ್ಶೆ ದಾರಿ ತಪ್ಪುತ್ತದೆ.

ಪರೀಕ್ಷಾ ಕೊಠಡಿಯ ಪ್ರಶ್ನೆ ಬೇರೆ. ವಂಚನೆಯ ಭಯ ಕಲ್ಪಿತವಲ್ಲ. 2023ರ ಅಕ್ಟೋಬರ್ 28ರಂದು ನಿಗಮ ಮಂಡಳಿಗಳ ನೇಮಕಾತಿ ಪರೀಕ್ಷೆಯಲ್ಲಿ, ಭೀಮೆ ಹರಿಯುವ ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಬ್ಲೂಟೂತ್ ಬಳಸಿದ ಅಭ್ಯರ್ಥಿಗಳು ಸಿಕ್ಕಿಬಿದ್ದರು. ಅದರ ಬೆನ್ನಿಗೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನವೆಂಬರ್ ತಿಂಗಳ ಪರೀಕ್ಷೆಗೆ ತಲೆ, ಬಾಯಿ, ಕಿವಿಗಳನ್ನು ಮುಚ್ಚುವ ಉಡುಪನ್ನು ನಿಷೇಧಿಸಿ, ಮಂಗಳಸೂತ್ರ ಮತ್ತು ಕಾಲುಂಗುರಗಳಿಗೆ ಅನುಮತಿಯಿತ್ತಿತು. 2025ರ ಏಪ್ರಿಲ್ ತಿಂಗಳ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಶಿವಮೊಗ್ಗ ಮತ್ತು ಬೀದರಗಳಲ್ಲಿ ವಿದ್ಯಾರ್ಥಿಗಳಿಗೆ ಜನಿವಾರ ತೆಗೆಯಲು ಹೇಳಿದ್ದು ವಿವಾದವಾಯಿತು. ಬೀದರದ ವಿದ್ಯಾರ್ಥಿಯೊಬ್ಬ ಅದಕ್ಕೊಪ್ಪದೆ ಗಣಿತ ಪರೀಕ್ಷೆಯನ್ನೇ ಬರೆಯದೆ ಹಿಂದಿರುಗಿದನು. ಜನಿವಾರವನ್ನು ತೆಗೆಸುವ ನಿಯಮವೇ ಇರಲಿಲ್ಲವೆಂದು ಸರಕಾರ ಅನಂತರ ಹೇಳಿತು. ಕಿವಿಯಲ್ಲಿ ಅಡಗುವ ಯಂತ್ರದ ಭಯಕ್ಕೂ ಎದೆಯ ಮೇಲಿನ ನೂಲಿಗೂ ಯಾವ ಸಂಬಂಧವಿದೆಯೆಂದು ಆ ಬಾಗಿಲಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ಎರಡನೆಯ ದಾರಿ

ನೆರೆಯ ಕೇರಳದಲ್ಲಿ ಇದೇ ಸಮಸ್ಯೆಗೆ ಒಂದು ಪರಿಹಾರ ದೊರೆತಿದೆ. 2015ರಲ್ಲಿ ಅಖಿಲ ಭಾರತ ವೈದ್ಯಕೀಯ ಪ್ರವೇಶ ಪರೀಕ್ಷೆಯು ವಿದ್ಯುನ್ಮಾನ ಸಾಧನಗಳ ವಂಚನೆಯಿಂದಾಗಿ ರದ್ದಾಗಿ, ಉಡುಪಿನ ಕಠಿಣ ನಿಯಮ ಜಾರಿಗೆ ಬಂತು. ಹಿಜಾಬ್ ಧರಿಸುವ ವಿದ್ಯಾರ್ಥಿನಿಯರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. 2016ರ ಆಮ್ನಾ ಬಿಂತ್ ಬಷೀರ್ ಪ್ರಕರಣದಲ್ಲಿ ನ್ಯಾಯಾಲಯವು ನಿಯಮವನ್ನು ರದ್ದುಮಾಡಲಿಲ್ಲ, ಚಿಹ್ನೆಯನ್ನೂ ತೆಗೆಸಲಿಲ್ಲ. ಅರ್ಧ ಗಂಟೆ ಮೊದಲು ಬಂದು ತಪಾಸಣೆಗೆ ಒಳಪಡಬೇಕೆಂದು ವಿಧಿಸಿತು. ಇಲ್ಲಿ ವಿದ್ಯಾರ್ಥಿನಿ ಅರ್ಧ ಗಂಟೆಯನ್ನು ತೆರುತ್ತಾಳೆ, ಸಂಸ್ಥೆ ತಪಾಸಣೆ ನಡೆಸುವ ಸಿಬ್ಬಂದಿಯನ್ನು ಒದಗಿಸುತ್ತದೆ. ವೆಚ್ಚ ಇಬ್ಬರಿಗೂ ಹಂಚಿಕೆಯಾಗಿದೆ.

ಕೆನಡಾದ ಸರ್ವೋಚ್ಚ ನ್ಯಾಯಾಲಯದ 2006ರ ಮುಲ್ತಾನಿ ತೀರ್ಪು ಇನ್ನೂ ಕಠಿಣವಾದ ಪ್ರಶ್ನೆಯನ್ನು ಬಿಡಿಸಿತು. ಕೃಪಾಣ ನೂಲಲ್ಲ, ಬಟ್ಟೆಯಲ್ಲ, ಲೋಹದ ಆಯುಧ. ಶಾಲೆಯ ರಕ್ಷಣೆಯ ಚಿಂತೆ ಸಹಜವೆಂದು ನ್ಯಾಯಾಲಯ ಒಪ್ಪಿತು. ಆದರೆ ಸಂಪೂರ್ಣ ರಕ್ಷಣೆ ಎಲ್ಲಿಯೂ ಸಾಧ್ಯವಿಲ್ಲ, ಶಾಲೆಯಲ್ಲಿ ಕತ್ತರಿಯೂ ಆಟದ ದಾಂಡೂ ಇರುತ್ತವೆ. ಬೇಕಾದುದು ಯುಕ್ತ ಪ್ರಮಾಣದ ರಕ್ಷಣೆ ಎಂದಿತು. ಕೃಪಾಣವನ್ನು ಒರೆಯೊಳಗಿಟ್ಟು, ಹೊಲಿದು, ಉಡುಪಿನ ಒಳಗೆ ಧರಿಸಬಹುದಾದಾಗ ಪೂರ್ಣ ನಿಷೇಧ ಸಮರ್ಥನೀಯವಲ್ಲವೆಂದು ತೀರ್ಮಾನಿಸಿತು.

ಸಾಲೋಟಗಿಯಿಂದ ಬೀದರದವರೆಗಿನ ಈ ದಾಖಲೆಗಳನ್ನು ಜೊತೆಗಿಟ್ಟು ಓದಿದಾಗ ಮೂರು ವಿವೇಚನೆಗಳು ಮೂಡುತ್ತವೆ. ಮೊದಲನೆಯದು, ನಿಯಮವು ತಡೆಯಬಯಸುವ ಅಪಾಯ ಯಾವುದೆಂಬುದು ಸ್ಪಷ್ಟವಿರಬೇಕು. ಅಪಾಯಕ್ಕೂ ಚಿಹ್ನೆಗೂ ಸಂಬಂಧವಿಲ್ಲದಿದ್ದರೆ ಅದು ರಕ್ಷಣೆಯ ನಿಯಮವೇ ಅಲ್ಲ. ಎರಡನೆಯದು, ಸಂಬಂಧವಿದ್ದರೂ ವ್ರತಭಂಗವಿಲ್ಲದೆ ಅದೇ ರಕ್ಷಣೆಯನ್ನು ಸಾಧಿಸುವ ಇನ್ನೊಂದು ದಾರಿಯಿದೆಯೇ ಎಂದು ಮೊದಲು ನೋಡಬೇಕು. ಮೂರನೆಯದು, ಆ ದಾರಿಯ ವೆಚ್ಚ ಯಾರ ಮೇಲೆ ಬೀಳುತ್ತದೆಂದು ಪರಿಶೀಲಿಸಬೇಕು. ಈ ಮೂರೂ ಎಲ್ಲ ಧರ್ಮದ ಚಿಹ್ನೆಗಳಿಗೂ ಒಂದೇ ತೂಕದಲ್ಲಿ ಅನ್ವಯವಾಗಬೇಕು. ಜನಿವಾರಕ್ಕಾಗಿ ಮರುಗುವವರು ಹಿಜಾಬನ್ನೂ, ಹಿಜಾಬಿಗಾಗಿ ವಾದಿಸುವವರು ಕೃಪಾಣವನ್ನೂ ಅದೇ ತಕ್ಕಡಿಯಲ್ಲಿಡದಿದ್ದರೆ ಉಳಿಯುವುದು ಸ್ವಪಕ್ಷದ ಅಭಿಮಾನ ಮಾತ್ರ. ಒಂದೇ ವಸ್ತುವನ್ನು ಹಲವು ನಯಗಳಿಂದ ಕಾಣಬೇಕೆಂಬ ಅನೇಕಾಂತ ದೃಷ್ಟಿಗೆ ಇದಕ್ಕಿಂತ ನೇರವಾದ ಪ್ರಯೋಗಭೂಮಿ ಬೇರೆ ಇರಲಾರದು. ಪರೀಕ್ಷಾಧಿಕಾರಿಯ ಭಯವೂ ಒಂದು ಸತ್ಯ, ವಿದ್ಯಾರ್ಥಿಯ ವ್ರತವೂ ಒಂದು ಸತ್ಯ.

ಭೀಮಾ ಸೀಮೆಯ ಶಾಲೆಗಳಿಂದ ಪ್ರತಿವರ್ಷ ಮಕ್ಕಳು ತಾಲೂಕು, ಜಿಲ್ಲಾ ಕೇಂದ್ರಗಳಿಗೆ ಪರೀಕ್ಷೆ ಬರೆಯಲು ಹೋಗುತ್ತಾರೆ. ಅವರಲ್ಲಿ ಜನಿವಾರದವರು, ಇಷ್ಟಲಿಂಗದವರು, ತಾಯಿತ ಕಟ್ಟಿದವರು, ತಲೆವಸ್ತ್ರ ಧರಿಸಿದವರು ಎಲ್ಲರೂ ಇದ್ದಾರೆ. ಬಾಗಿಲಲ್ಲಿ ನಿಂತ ಸಿಬ್ಬಂದಿಗೆ ಬರಹದಲ್ಲಿ ಸ್ಪಷ್ಟವಾದ ನಿಯಮ, ತಪಾಸಣೆಗೆ ಮರೆಯಾದ ಒಂದು ಕೋಣೆ, ಅರ್ಧ ಗಂಟೆಯ ಕಾಲಾವಕಾಶ ಇಷ್ಟು ದೊರೆತರೆ ಹೆಚ್ಚಿನ ವಿವಾದಗಳು ಹುಟ್ಟುವುದೇ ಇಲ್ಲ. ಹತ್ತನೆಯ ಶತಮಾನದ ಊರೊಂದು ದೂರದ ವಿದ್ಯಾರ್ಥಿಗಳ ದೀಪಕ್ಕಾಗಿ 12 ನಿವರ್ತನ ಭೂಮಿಯನ್ನು ಬಿಟ್ಟುಕೊಟ್ಟಿತ್ತು. ಇಂದಿನ ರಾಜ್ಯ ಒದಗಿಸಬೇಕಾದುದು ಅದಕ್ಕಿಂತ ದೊಡ್ಡದೇನಲ್ಲ.