ಅಸ್ಥಿಚಿಕಿತ್ಸೆಯಲ್ಲಿ ಮೃಣ್ಮಯ ದ್ರವ್ಯಗಳು

ಶರೀರವನ್ನು ಹೊಕ್ಕು ಬಾಧೆಯನ್ನುಂಟುಮಾಡುವ ವಸ್ತುವಿಗೆ ಶಲ್ಯವೆಂದು ಆಯುರ್ವೇದದಲ್ಲಿ ಹೆಸರು. ಅದನ್ನು ಹೊರತೆಗೆಯುವ ವಿದ್ಯೆಗೆ ಶಲ್ಯತಂತ್ರವೆಂಬ ನಾಮವು ಬಂದಿರುವುದು ವಿದಿತವೇ ಆಗಿದೆ. ಈಚಿನ ನೂರಮೂವತ್ತು ವರ್ಷಗಳಲ್ಲಿ ಪಾಶ್ಚಾತ್ಯ ಶಸ್ತ್ರವೈದ್ಯರು ಇದಕ್ಕೆ ವಿಪರೀತವಾಗಿ ಕಾಣುವ ಕಾರ್ಯವೊಂದನ್ನು ಕೈಕೊಂಡರು. ಸವೆದ ಕೀಲನ್ನು ತೆಗೆದು ಅದರ ಸ್ಥಾನದಲ್ಲಿ ಪರವಸ್ತುವನ್ನು ಬುದ್ಧಿಪೂರ್ವಕವಾಗಿ ಇರಿಸುವುದೇ ಆ ಕಾರ್ಯ. ಹಾಗೆ ಇಟ್ಟ ವಸ್ತುವು ಶಲ್ಯವಾಗದಿರುವುದು ಹೇಗೆ? ಈ ಪ್ರಶ್ನೆಗೆ ಮೃಣ್ಮಯ ದ್ರವ್ಯಗಳಿಂದ ದೊರೆತ ಉತ್ತರಗಳನ್ನು ಕ್ರಮವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶವು. ಕುಂಬಾರನ ಮಣ್ಣನ್ನು ಹೇಳುವ ಗ್ರೀಕ್ ಶಬ್ದದಿಂದ ಹುಟ್ಟಿದ ಸೆರಾಮಿಕ್ ಎಂಬ ಮಾತಿಗೆ ಇಲ್ಲಿ ಮೃಣ್ಮಯವೆಂದು ವ್ಯವಹರಿಸಿದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದ ೨೬ನೆಯ ಅಧ್ಯಾಯದಲ್ಲಿ ಶರೀರದೊಳಗೆ ಬಹುಕಾಲ ನಿಂತ ಶಲ್ಯಗಳನ್ನು ಎರಡು ವರ್ಗವಾಗಿ ವಿಂಗಡಿಸಿದೆ. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ, ತವರ, ಸೀಸಗಳು ಪಿತ್ತದ ತೇಜಸ್ಸಿನಿಂದ ಕರಗಿ ಧಾತುಗಳೊಡನೆ ಏಕತ್ವವನ್ನು ಹೊಂದುವುವು. ಕೊಂಬು, ಹಲ್ಲು, ಕೂದಲು, ಎಲುಬು, ಬಿದಿರು, ಮರ, ಕಲ್ಲುಗಳೂ ಮೃಣ್ಮಯಗಳೂ ಶಿಥಿಲವಾಗವು. ಇದನ್ನು ಹಿಡಿದು ಪ್ರಾಚೀನರು ಮಣ್ಣಿನ ಕೀಲುಗಳನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಯುಕ್ತವಲ್ಲ. ಆ ಅಧ್ಯಾಯವು ಒಳಗೆ ಅಡಗಿದ ಶಲ್ಯವನ್ನು ಅರಿಯುವ ಬಗೆಯನ್ನು ಹೇಳುವುದೇ ಹೊರತು ವಸ್ತುವನ್ನು ಒಳಗಿರಿಸುವ ವಿಧಿಯನ್ನು ಹೇಳುವುದಿಲ್ಲ. ಚಿನ್ನವು ಕರಗುವುದೆಂಬ ಮಾತನ್ನು ಈಗಿನ ರಸಾಯನಶಾಸ್ತ್ರವು ಒಪ್ಪದು. ಋಗ್ವೇದದ ವಿಶ್ಪಲೆಗೆ ಅಶ್ವಿನಿಗಳು ಲೋಹದ ಕಾಲನ್ನಿತ್ತರೆಂಬುದೂ ದೇವವೈದ್ಯರ ಸ್ತುತಿಯೇ ಸರಿ, ಶಸ್ತ್ರಕ್ರಮದ ವರ್ಣನೆಯಲ್ಲ. ಆದರೂ ಶಿಥಿಲವಾಗದಿರುವುದು, ಏಕತ್ವವನ್ನು ಹೊಂದುವುದು ಎಂಬ ಈ ಎರಡು ಲಕ್ಷಣಗಳು ಮುಂದಿನ ವಿಚಾರಕ್ಕೆ ಬಹಳ ಉಪಯುಕ್ತವಾಗಿವೆ.

ಬರ್ಲಿನ್ ನಗರದ ಥೆಮಿಸ್ಟೊಕ್ಲಿಸ್ ಗ್ಲುಕ್ ಎಂಬ ವೈದ್ಯನು ೧೮೯೦ರ ಸುಮಾರಿನಲ್ಲಿ ಕ್ಷಯರೋಗದಿಂದ ಕೆಟ್ಟ ಕೀಲುಗಳಿಗೆ ಆನೆಯ ದಂತದ ಕೀಲುಗಳನ್ನು ಜೋಡಿಸಿದನು. ಸೋಂಕು ಉಳಿದಿದ್ದುದರಿಂದ ಅವು ನಿಲ್ಲಲಿಲ್ಲ. ೧೯೬೨ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿಯು ಉಕ್ಕಿನ ಗುಂಡಿಗೆ ಪಾಲಿಎಥಿಲೀನಿನ ಬಟ್ಟಲನ್ನು ಹೊಂದಿಸಿ ಸೊಂಟದ ಕೀಲನ್ನು ಸ್ಥಿರಪಡಿಸಿದನು. ಆದರೆ ಬಟ್ಟಲು ವರ್ಷಗಟ್ಟಲೆ ಸವೆದು ಉದುರಿದ ಸೂಕ್ಷ್ಮರಜಸ್ಸು ಸುತ್ತಲಿನ ಎಲುಬನ್ನು ಕ್ಷೀಣಗೊಳಿಸುವುದೆಂದು ಕ್ರಮೇಣ ತಿಳಿದುಬಂದಿತು. ಕೀಲು ಶಲ್ಯವಾಗಲಿಲ್ಲ, ಅದರ ಧೂಳು ಶಲ್ಯವಾಯಿತು.

ಈ ಸವೆತಕ್ಕೆ ಪ್ರತೀಕಾರವನ್ನು ಫ್ರಾನ್ಸ್ ದೇಶದ ಪೋ ಪಟ್ಟಣದ ಪಿಯೆರ್ ಬೂತ್ಯಾಂ ಎಂಬಾತನು ಮೃಣ್ಮಯದಲ್ಲಿ ಹುಡುಕಿದನು. ೧೯೭೦ರಲ್ಲಿ ಆತನು ಗುಂಡು ಬಟ್ಟಲುಗಳೆರಡನ್ನೂ ಅಲ್ಯೂಮಿನಾ ಎಂಬ ದ್ರವ್ಯದಿಂದ ಮಾಡಿಸಿದನು. ಇದರ ಸ್ಫಟಿಕರೂಪವೇ ಇಂಗ್ಲಿಷಿನಲ್ಲಿ ಕೊರಂಡಮ್ ಎನಿಸಿಕೊಳ್ಳುವ ಕಲ್ಲು. ಆ ಹೆಸರು ತಮಿಳಿನ ಕುರುಂದ ಶಬ್ದದಿಂದ ಹೋದುದು, ಸಂಸ್ಕೃತದ ಕುರುವಿಂದಕ್ಕೆ ಸಂಬಂಧಿಸಿದುದು. ಮಾಣಿಕ್ಯ ನೀಲಗಳೂ ಇದರ ಭೇದಗಳೇ. ಅತ್ಯಂತ ಕಠಿನವಾದುದರಿಂದಲೂ ನಯವಾದ ಮೈಯಲ್ಲಿ ದ್ರವವು ಚೆನ್ನಾಗಿ ಹರಡುವುದರಿಂದಲೂ ಸವೆತವು ಬಹಳ ಕಡಮೆಯಾಯಿತು. ಆದರೆ ಆರಂಭಕಾಲದ ಗುಂಡುಗಳಲ್ಲಿ ಕೆಲವು ಒಡೆದವು. ಬಟ್ಟಲುಗಳಲ್ಲಿ ಕೆಲವು ಎಲುಬಿನಿಂದ ಸಡಿಲಿದವು. ಮೃಣ್ಮಯವು ಕರಗಲಿಲ್ಲ ನಿಜ, ಏಕತ್ವವನ್ನೂ ಹೊಂದಲಿಲ್ಲ.

ಏಕತ್ವದ ಮಾರ್ಗವು ಅದಕ್ಕೆ ಒಂದು ವರ್ಷ ಮುಂಚೆಯೇ, ೧೯೬೯ರಲ್ಲಿ, ಅಮೆರಿಕಾದ ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ತೆರೆದಿತ್ತು. ವಿಯೆಟ್ನಾಮ್ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ, ದೇಹವು ತಿರಸ್ಕರಿಸದ ದ್ರವ್ಯವೊಂದು ಬೇಕೆಂದು ಸೇನಾಧಿಕಾರಿಯೊಬ್ಬನು ಕೇಳಲು, ಲ್ಯಾರಿ ಹೆಂಚ್ ಎಂಬ ವಿದ್ವಾಂಸನು ಒಂದು ಗಾಜನ್ನು ರಚಿಸಿದನು. ಅದರಲ್ಲಿ ತೂಕಕ್ಕೆ ನೂರರಲ್ಲಿ ೪೫ ಪಾಲು ಸಿಲಿಕಾ, ೨೪.೫ ಪಾಲು ಸೋಡಿಯಮ್ ಆಕ್ಸೈಡ್, ೨೪.೫ ಪಾಲು ಸುಣ್ಣ, ೬ ಪಾಲು ರಂಜಕದ ಆಕ್ಸೈಡ್. ಶರೀರದ್ರವದಲ್ಲಿ ಇದರ ಮೇಲ್ಮೈಯು ಸ್ವಲ್ಪ ಕರಗಿ, ಎಲುಬಿನ ಖನಿಜಕ್ಕೆ ಸದೃಶವಾದ ಪದರವನ್ನು ತಳೆದು, ಎಲುಬಿನೊಡನೆ ಬೆಸೆದುಕೊಂಡಿತು. ಆದರೆ ಗಾಜು ಭಿದುರವಾದುದು, ಮೈಭಾರವನ್ನು ಹೊರಲಾರದು.

ಭಾರವನ್ನು ಲೋಹಕ್ಕೂ ಬಾಂಧವ್ಯವನ್ನು ಲೇಪಕ್ಕೂ ವಹಿಸಿದುದೇ ಮುಂದಿನ ಹೆಜ್ಜೆ. ಎಲುಬಿನ ಮುಖ್ಯ ಖನಿಜಕ್ಕೆ ಸಮಾನವಾದ ಹೈಡ್ರಾಕ್ಸಿಅಪಟೈಟ್ ಎಂಬ ಸುಣ್ಣರಂಜಕಗಳ ಲವಣವನ್ನು ಪುಡಿಮಾಡಿ, ಅತ್ಯುಷ್ಣವಾದ ಪ್ಲಾಸ್ಮಾ ಜ್ವಾಲೆಯ ಮೂಲಕ ಲೋಹದ ಮೇಲೆ ಎರಚಿ ತೆಳುವಾದ ಲೇಪವನ್ನು ಕೂರಿಸಿದರು. ಇಂತಹ ಸೊಂಟದ ಕೀಲನ್ನು ೧೯೮೫ರಲ್ಲಿ ಲಂಡನ್ನಿನ ರೊನಾಲ್ಡ್ ಫರ್ಲಾಂಗ್ ಎಂಬ ವೈದ್ಯನು ಪ್ರಯೋಗಿಸಿದನು. ಎಲುಬು ಲೇಪದವರೆಗೂ ಬೆಳೆದು ಬಂದು ಅದನ್ನು ಹಿಡಿದುಕೊಂಡಿತು.

ಒಡೆಯುವ ದೋಷವನ್ನು ನೀಗಲು ಅದೇ ದಶಕದಲ್ಲಿ ಬಂದ ಜಿರ್ಕೋನಿಯಾದ ಕಥೆಯು ಎಚ್ಚರಿಕೆಯನ್ನು ಕಲಿಸುವುದು. ಬಿರುಕು ಮೂಡಿದೆಡೆಯಲ್ಲಿ ಇದರ ಕಣಗಳು ರೂಪಾಂತರ ಹೊಂದಿ ಉಬ್ಬಿ ಬಿರುಕನ್ನು ತಡೆಯುವುವು. ಆದರೆ ತೇವವೂ ಶಾಖವೂ ಕೂಡಿದರೆ ಅದೇ ರೂಪಾಂತರವು ಅಕಾಲದಲ್ಲಿ ನಡೆದು ದ್ರವ್ಯವನ್ನು ದುರ್ಬಲಗೊಳಿಸಬಹುದು. ಫ್ರಾನ್ಸಿನ ಕಾರ್ಖಾನೆಯೊಂದು ೧೯೯೮ರಲ್ಲಿ ತನ್ನ ಕುಲುಮೆಯ ಕ್ರಮವನ್ನು ಬದಲಾಯಿಸಿದ ಮೇಲೆ ಅಲ್ಲಿ ಸುಟ್ಟ ಗುಂಡುಗಳು ಅನೇಕರ ದೇಹದಲ್ಲಿ ಒಡೆದವು. ೨೦೦೧ರಲ್ಲಿ ಅವುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ದ್ರವ್ಯವು ಅದೇ, ಆವಿಗೆ ಬೇರೆ. ಸಂಸ್ಕಾರವು ಗುಣಾಂತರವನ್ನು ತರುವುದೆಂಬ ಚರಕನ ಮತಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ದೊರೆಯದು. ಬಳಿಕ ಅಲ್ಯೂಮಿನಾದಲ್ಲಿ ಸ್ವಲ್ಪ ಜಿರ್ಕೋನಿಯಾವನ್ನು ಬೆರೆಸಿದ ಮಿಶ್ರವು ಹೆಚ್ಚಾಗಿ ಬಳಕೆಗೆ ಬಂದಿದೆ.

ಇಷ್ಟರಿಂದ ನಿಷ್ಪನ್ನವಾಗುವುದೇನೆಂದರೆ: ಇಂತಹ ವಸ್ತು ಶಿಥಿಲವಾಗುವುದು, ಇಂತಹದು ಆಗದು ಎಂಬ ಸುಶ್ರುತನ ಪಟ್ಟಿಯನ್ನು ಇತಿಹಾಸವು ಎರಡೂ ಕಡೆಯಿಂದ ಮುರಿದಿದೆ. ಆದರೆ ಆತನ ಲಕ್ಷಣವಾಕ್ಯವು ಮುರಿದಿಲ್ಲ. ಶಲ್ಯವನ್ನು ಆತನು ದ್ರವ್ಯದಿಂದ ನಿರ್ಣಯಿಸಲಿಲ್ಲ, ಬಾಧೆಯಿಂದ ನಿರ್ಣಯಿಸಿದನು. ಅದೇ ಮಣ್ಣು ಒಂದು ಮೈಯಲ್ಲಿ ಸವೆದ ಕೀಲಿಗೆ ಪ್ರತಿನಿಧಿಯಾಗಿ ನಿಲ್ಲುವುದು. ಸಂಸ್ಕಾರದೋಷದಿಂದ ಚೂರಾದರೆ ಮತ್ತೊಂದು ಮೈಯಲ್ಲಿ ಶಲ್ಯವಾಗುವುದು. ಪ್ರಾಚೀನಶಾಸ್ತ್ರವನ್ನು ಈಚಿನ ವಿಜ್ಞಾನದೊಡನೆ ತೂಗುವವರು ವಸ್ತುಗಳ ಪಟ್ಟಿಗಳನ್ನು ಹೋಲಿಸುವುದಕ್ಕಿಂತ ಇಂತಹ ಲಕ್ಷಣಗಳನ್ನು ಪರೀಕ್ಷಿಸುವುದು ಹೆಚ್ಚು ಫಲಕಾರಿಯೆಂದು ವಿದ್ವಾಂಸರಲ್ಲಿ ವಿಜ್ಞಾಪಿಸುವೆನು.