ಕಾಸರಗೋಡಿನ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಪಾಠೇತರ ಚಟುವಟಿಕೆಗಳು: ಒಂದು ಹಿನ್ನೋಟ

ಕಾಸರಗೋಡು ಸೀಮೆಯ ಕನ್ನಡ ಶಾಲೆಗೆ ಬರುವ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ, ಹವ್ಯಕರ ಮನೆಗಳ ಕನ್ನಡ ಎಂದು ಒಂದೇ ತರಗತಿಯಲ್ಲಿ ಹಲವು ಮಾತುಗಳು ಕೂಡುತ್ತವೆ. ಪೇಟೆಯಲ್ಲಿ, ಕಚೇರಿಯಲ್ಲಿ, ಬಸ್ಸಿನಲ್ಲಿ ಮಲಯಾಳವೇ ಹೆಚ್ಚು. ಇಂತಹ ಮಗುವಿಗೆ ಕನ್ನಡವು ಮೊದಲು ದೊರೆಯುವುದು ಪುಸ್ತಕದಲ್ಲಿ. ಆದರೆ ಪುಸ್ತಕದ ಕನ್ನಡವು ನಾಲಗೆಯ ಕನ್ನಡವಾಗುವುದು ಎಲ್ಲಿ? ನಾಲ್ಕು ಜನರೆದುರಿಗೆ ನಿಂತು, ಅಂಜದೆ ಅಳುಕದೆ, ತನ್ನದೇ ಮಾತಿನಲ್ಲಿ ಒಂದು ವಿಷಯವನ್ನು ಹೇಳುವ ಶಕ್ತಿ ಆ ಮಗುವಿಗೆ ಬಂದುದು ಎಲ್ಲಿಂದ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ನಾವು ಪಾಠದ ಕೋಣೆಯಿಂದ ಹೊರಗೆ ಬರಬೇಕಾಗುತ್ತದೆ.

ಹಿಂದಿನ ಕಾಲದ ಐಗಳ ಮಠದಲ್ಲಿ ಪಾಠ ಬೇರೆ, ಪಾಠೇತರ ಬೇರೆ ಎಂಬ ಭೇದವಿರಲಿಲ್ಲ. ಹೊಯಿಗೆಯ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮಗ್ಗಿಯನ್ನು ಒಕ್ಕೊರಲಿನಿಂದ ಹೇಳುವುದು, ಕಾವ್ಯದ ಪದ್ಯಗಳನ್ನು ರಾಗವಾಗಿ ಬಾಯಿಪಾಠ ಮಾಡುವುದು, ಇವೇ ಅಲ್ಲಿನ ಶಿಕ್ಷಣ. ಅದರಲ್ಲಿ ಕೊರತೆಗಳು ಬೇಕಷ್ಟಿದ್ದವು. ಬೆತ್ತದ ಭಯವಿತ್ತು, ಎಲ್ಲ ಮನೆಗಳ ಮಕ್ಕಳಿಗೂ ಅಲ್ಲಿ ಪ್ರವೇಶವಿರಲಿಲ್ಲ. ಆದರೂ ವಿದ್ಯೆಯು ಕಂಠದಲ್ಲಿ ನೆಲೆಸಬೇಕೆಂಬ ತಿಳುವಳಿಕೆ ಆ ಪದ್ಧತಿಗಿತ್ತು.

ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಕಾಸರಗೋಡು ಸೇರಿದ್ದ ದಿನಗಳಲ್ಲಿ ಬೋರ್ಡ್ ಶಾಲೆಗಳೂ ಊರ ಮಹನೀಯರು ಕಟ್ಟಿದ ಖಾಸಗಿ ಶಾಲೆಗಳೂ ಬೆಳೆದುವು. ಎಂಟನೆಯ ತರಗತಿಯವರೆಗಿನ ಹೈಯರ್ ಎಲಿಮೆಂಟರಿ ಶಾಲೆಯೇ ಅಂದು ಹಳ್ಳಿಯ ಹೆಚ್ಚಿನ ಮಕ್ಕಳ ವಿದ್ಯಾಭ್ಯಾಸದ ಕೊನೆಯ ಮೆಟ್ಟಿಲು. ಅದೇ ಜಿಲ್ಲೆಯಲ್ಲಿ ಶಾಲಾ ಇನ್‌ಸ್ಪೆಕ್ಟರರಾಗಿದ್ದ ಪಂಜೆ ಮಂಗೇಶರಾಯರು (1874-1937) ಮಕ್ಕಳಿಗಾಗಿ ಹಾಡುಗಳನ್ನೂ ಕಥೆಗಳನ್ನೂ ಬರೆದು, ಪದ್ಯವೆಂದರೆ ಕುಣಿದು ಹಾಡತಕ್ಕದ್ದೆಂಬುದನ್ನು ಉಪಾಧ್ಯಾಯರಿಗೆ ತೋರಿಸಿಕೊಟ್ಟರು. ನೆರೆಯ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು (1902-1997) ಆಟ, ನಾಟಕ, ಕುಣಿತಗಳ ಮೂಲಕ ಕಲಿಸುವ ಪ್ರಯೋಗಗಳನ್ನು ನಡೆಸಿದರು. ಇಂತಹ ಹಿರಿಯರ ಪ್ರಭಾವವು ಜಿಲ್ಲೆಯ ಉಪಾಧ್ಯಾಯ ವರ್ಗದ ಮೇಲೆ ಬೀಳದೆ ಇರಲಿಲ್ಲ.

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಕೈಕಸುಬನ್ನು ನಡುವಿಗಿರಿಸಿದ ಮೂಲಶಿಕ್ಷಣದ ಯೋಜನೆಯನ್ನು ದೇಶದ ಮುಂದಿಟ್ಟರು. ಅದರ ಗಾಳಿ ನಮ್ಮ ಕಡೆಗೂ ಬೀಸಿತು. ಶಾಲೆಯಲ್ಲಿ ತಕಲಿ ತಿರುಗಿತು, ಅಂಗಳದಲ್ಲಿ ಬೆಂಡೆ ಬದನೆಗಳ ತೋಟವಾಯಿತು. 1952ರಲ್ಲಿ ನೇಮಕವಾದ ಮುದಲಿಯಾರ್ ಆಯೋಗವು ಮರುವರ್ಷ ವರದಿಯನ್ನೊಪ್ಪಿಸಿ, ಪಾಠಕ್ರಮವೆಂದರೆ ತರಗತಿಯ ಪಾಠಗಳು ಮಾತ್ರವಲ್ಲ, ವಾಚನಾಲಯ, ಕಾರ್ಯಶಾಲೆ, ಆಟದ ಬಯಲುಗಳಲ್ಲಿ ವಿದ್ಯಾರ್ಥಿಯು ಪಡೆಯುವ ಅನುಭವವೆಲ್ಲವೂ ಅದರಲ್ಲಿ ಸೇರಿದೆ ಎಂಬ ಅಭಿಪ್ರಾಯವನ್ನು ಕೊಟ್ಟಿತು. ಆ ವರದಿಯು ಪ್ರೌಢಶಿಕ್ಷಣವನ್ನು ಕುರಿತದ್ದಾದರೂ ಅದರ ತತ್ತ್ವವು ಕೆಳಗಿನ ತರಗತಿಗಳಿಗೂ ಒಪ್ಪುವಂತಹದು.

ಆದರೆ ನಮ್ಮ ಶಾಲೆಗಳಲ್ಲಿ ಕನ್ನಡವನ್ನು ಬಾಯಿಗೆ ತಂದ ಚಟುವಟಿಕೆ ಯಾವುದೆಂದರೆ, ಅದು ವಿದ್ಯಾರ್ಥಿ ಸಂಘ. ನಮ್ಮಲ್ಲಿ ಹಿರಿಯರಾದವರಿಗೆಲ್ಲ ಅದರ ನೆನಪುಂಟು. ವಾರದ ಒಂದು ದಿನ ಕೊನೆಯ ತಾಸಿಗೆ ಬೆಂಚುಗಳನ್ನು ಒತ್ತಟ್ಟಿಗೆ ಸರಿಸಿದರೆ ತರಗತಿಯೇ ಸಭೆ. ಕಾರ್ಯದರ್ಶಿಯಾದ ಹುಡುಗ ಎದ್ದುನಿಂತು ಕಳೆದ ಸಭೆಯ ವರದಿಯನ್ನು ಓದುವನು. ಒಬ್ಬಳು ಸ್ವಾಗತಿಸುವಳು, ಒಬ್ಬನು ವಂದನೆ ಹೇಳುವನು. ಹಳ್ಳಿ ಮೇಲೋ ಪಟ್ಟಣ ಮೇಲೋ, ಲೇಖನಿ ಮೇಲೋ ಖಡ್ಗ ಮೇಲೋ ಎಂದು ಚರ್ಚೆ ನಡೆಯುವುದು. ಈ ವಾರ ಮಾತಾಡಿದವನು ಮುಂದಿನ ವಾರ ಕೇಳುಗ. ಹಾಜರಿ ಪುಸ್ತಕದ ಕ್ರಮದಲ್ಲಿ ಸರದಿ ಬರುತ್ತಿದ್ದುದರಿಂದ ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ತೊದಲುವವನಿಗೂ ಸರದಿ, ನಾಚುವವಳಿಗೂ ಸರದಿ. ಮನೆಯಲ್ಲಿ ತುಳುವಾಡುವ ಹುಡುಗನು ನಡುವೆ ಮಾತು ಸಿಕ್ಕದೆ ತುಳುವಿನ ಒಂದು ಶಬ್ದವನ್ನು ಸೇರಿಸಿದರೆ ಸಭೆ ನಗುತ್ತಿತ್ತು, ಉಪಾಧ್ಯಾಯರು ಕನ್ನಡದ ಮಾತನ್ನು ಮೆಲ್ಲಗೆ ಎತ್ತಿಕೊಡುತ್ತಿದ್ದರು. ಹೀಗೆ ಎತ್ತಿಕೊಟ್ಟ ಮಾತು ಜನ್ಮದಲ್ಲಿ ಮರೆಯುವಂತಹದಲ್ಲ.

ಈ ಸಂಘದ ಒಡನಾಡಿಯಾಗಿ ಇದ್ದುದು ಕೈಬರಹದ ಪತ್ರಿಕೆ. ಅಕ್ಷರ ದುಂಡಾಗಿರುವ ಹುಡುಗಿ ಪ್ರತಿ ಮಾಡುವಳು, ಚಿತ್ರ ಬರೆಯಬಲ್ಲವನು ಮುಖಪುಟವನ್ನು ತುಂಬುವನು. ಇನ್ನು ನವರಾತ್ರಿಯ ಶಾರದಾ ಪೂಜೆ, ವರ್ಷಕ್ಕೊಮ್ಮೆ ವಾರ್ಷಿಕೋತ್ಸವ. ತೆಂಗಿನ ಮಡಲಿನ ಚಪ್ಪರ, ಸೀರೆಯ ಪರದೆ, ಎರವಲು ತಂದ ಗ್ಯಾಸ್‌ಲೈಟು. ಅದರ ಬೆಳಕಿನಲ್ಲಿ ಊರಿಗೆ ಊರೇ ಕುಳಿತು ತನ್ನ ಮಕ್ಕಳ ನಾಟಕವನ್ನು ನೋಡುತ್ತಿತ್ತು.

ಈ ನೆಲದ ಯಕ್ಷಗಾನವೂ ಶಾಲೆಗೆ ಒತ್ತಾಸೆಯಾಗಿ ನಿಂತಿತು. ರಾಮಾಯಣದ ಪ್ರಸಂಗಗಳನ್ನು ರಚಿಸಿದ ಪಾರ್ತಿಸುಬ್ಬನು ಕುಂಬಳೆಯವನು. ವೇಷಭೂಷಣಗಳಿಲ್ಲದ ತಾಳಮದ್ದಳೆಗೆ ಭಾಗವತರು, ಚೆಂಡೆ ಮದ್ದಳೆ, ಅರ್ಥ ಹೇಳುವ ಬಾಯಿ ಇಷ್ಟಿದ್ದರೆ ಸಾಕು. ಎದುರಾಳಿಯ ಮಾತನ್ನು ಕೇಳಿ, ಆ ಕ್ಷಣದಲ್ಲಿಯೇ ಉತ್ತರವನ್ನು ಹೊಂದಿಸುವ ಈ ಕಲೆಗಿಂತ ಹೆಚ್ಚಿನ ಭಾಷಾಭ್ಯಾಸ ಮತ್ತೊಂದಿಲ್ಲ. ಪದ್ಯವು ಪುರಾಣದ್ದು, ಮಾತು ಮಾತ್ರ ಮಗುವಿನದೇ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಂದ ಮೂರು ತಿಂಗಳು ತುಂಬುವುದರೊಳಗೆ, 1957ರ ಜನವರಿಯಲ್ಲಿ, ಎರ್ನಾಕುಳಂ ಪಟ್ಟಣದಲ್ಲಿ ಆ ರಾಜ್ಯದ ಮೊದಲ ಶಾಲಾ ಯುವಜನೋತ್ಸವ ನಡೆಯಿತು. ಸಾರ್ವಜನಿಕ ಶಿಕ್ಷಣ ನಿರ್ದೇಶಕರಾಗಿದ್ದ ಸಿ. ಎಸ್. ವೆಂಕಟೇಶ್ವರನ್ ಅವರು ದೆಹಲಿಯ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದಿಂದ ಸ್ಫೂರ್ತಿ ಪಡೆದು ಇದನ್ನು ಆರಂಭಿಸಿದರು. 2009ರಿಂದ ಕೇರಳ ಶಾಲಾ ಕಲೋತ್ಸವವೆಂಬ ಹೆಸರಿನಲ್ಲಿ ನಡೆಯುತ್ತಿರುವ ಈ ಉತ್ಸವವು ನಮ್ಮ ಮಕ್ಕಳಿಗೆ ಮಾಡಿದ ಉಪಕಾರವನ್ನು ನಾವು ಮರೆಯಲಾಗದು. ಕನ್ನಡ ಪದ್ಯವಾಚನಕ್ಕೂ ಕನ್ನಡ ಭಾಷಣಕ್ಕೂ ಅಲ್ಲಿ ಸ್ಥಾನವುಂಟು. ಯಕ್ಷಗಾನವು ಮಲಯಾಳ ನಾಡಿನ ಕಲೆಗಳ ಸಾಲಿನಲ್ಲಿ ಸರಿಸಮವಾಗಿ ಕುಳಿತಿದೆ. 1991ರಲ್ಲಿ ಕಾಸರಗೋಡಿನಲ್ಲಿಯೂ, 2019ರಲ್ಲಿ ಅರುವತ್ತನೆಯ ಕಲೋತ್ಸವವಾಗಿ ಕಾಞಂಗಾಡಿನಲ್ಲಿಯೂ ರಾಜ್ಯಮಟ್ಟದ ಕೂಟ ನಡೆದಾಗ ಇಡೀ ಜಿಲ್ಲೆ ಆತಿಥ್ಯ ವಹಿಸಿತು. ವೃತ್ತಿಪರಿಚಯ ಮೇಳಗಳಲ್ಲಿ ಕೊಡೆ ಕಟ್ಟುವ, ಸೀಮೆಸುಣ್ಣ ಮಾಡುವ, ತೆಂಗಿನ ಗರಿ ಹೆಣೆಯುವ ಮಕ್ಕಳನ್ನು ಕಂಡಾಗ ಹಿಂದಿನ ತಕಲಿಯ ನೆನಪಾಗದಿರದು.

ಆದರೂ ಒಂದು ಮಾತನ್ನು ಹೇಳಬೇಕಾಗಿದೆ. ಕಲೋತ್ಸವವು ಸ್ಪರ್ಧೆ, ಸಂಘವು ಸರದಿ. ಸ್ಪರ್ಧೆಗೆ ಶಾಲೆಯಿಂದ ಒಂದೊಂದು ವಿಷಯಕ್ಕೆ ಆರಿಸಿ ಕಳುಹುವುದು ಒಬ್ಬನನ್ನು. ಉಳಿದವರು ಚಪ್ಪಾಳೆ ತಟ್ಟುವವರು. ಐದರಿಂದ ಏಳನೆಯ ತರಗತಿಯ ಮಕ್ಕಳ ಸ್ಪರ್ಧೆಗಳು ಜಿಲ್ಲಾ ಮಟ್ಟದಲ್ಲಿಯೇ ಮುಗಿಯುತ್ತವೆ. ರಾಜ್ಯದ ವೇದಿಕೆ ಪ್ರೌಢಶಾಲೆಯಿಂದ ಮೇಲಿನವರಿಗೆ ಮಾತ್ರ. ಚಿಕ್ಕವರ ಮೇಲೆ ಹೊರೆ ಬೀಳಬಾರದೆಂದು ನೋಡಿದರೆ ಅದು ಸರಿಯಾದುದೇ. ಆದರೆ ಪರಿಣಾಮವೇನಾಯಿತು? ಬಹುಮಾನದ ಹೆಸರಿನಲ್ಲಿ ಆಯ್ಕೆಯ ಅಭ್ಯಾಸ ಬಂದಿತು, ವಾರದ ಸಭೆ ಹಲವೆಡೆ ಸಡಿಲವಾಯಿತು. ಹಿಂದೆ ನಲುವತ್ತು ಮಕ್ಕಳು ಸಾಧಾರಣವಾಗಿ ಮಾತಾಡುತ್ತಿದ್ದರು, ಇಂದು ಒಬ್ಬನು ಬಹಳ ಚೆನ್ನಾಗಿ ಮಾತಾಡುತ್ತಾನೆ. ಭಾಷೆಯನ್ನು ಉಳಿಸುವವರು ಆ ನಲುವತ್ತು ಮಂದಿ.

ಇದರ ಜೊತೆಗೆ ಗಡಿನಾಡಿಗೇ ವಿಶೇಷವಾದ ಇನ್ನೊಂದು ಕಷ್ಟವುಂಟು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡವರಿಯದ ಉಪಾಧ್ಯಾಯರು ನೇಮಕವಾಗಿ ಬಂದಾಗ ಹೆತ್ತವರು ದೂರು ಕೊಡುತ್ತಾರೆ, ಪ್ರತಿಭಟಿಸುತ್ತಾರೆ; ಗಣಿತದ ಪಾಠ ಕೆಟ್ಟುದು ಕಣ್ಣಿಗೆ ಕಾಣುತ್ತದೆ. ಆದರೆ ಅದೇ ವೇಳೆಗೆ ವಿದ್ಯಾರ್ಥಿ ಸಂಘದಲ್ಲಿ ಮಾತನ್ನು ಎತ್ತಿಕೊಡುವವರಿಲ್ಲದೆ, ಕೈಬರಹದ ಪತ್ರಿಕೆಯನ್ನು ತಿದ್ದುವವರಿಲ್ಲದೆ ಆದ ನಷ್ಟವನ್ನು ಯಾರೂ ಎಣಿಸುವುದಿಲ್ಲ. ಅಂಕಪಟ್ಟಿಯಲ್ಲಿ ಅದಕ್ಕೆ ಅಂಕಣವಿಲ್ಲ.

ಕೈಬಿಟ್ಟುದನ್ನು ಮತ್ತೆ ಹಿಡಿಯುವುದಕ್ಕೆ ಸರಕಾರದ ಆಜ್ಞೆಯನ್ನು ಕಾಯಬೇಕಾಗಿಲ್ಲ, ಹೆಚ್ಚಿನ ಧನವೂ ಬೇಕಿಲ್ಲ. ಯಕ್ಷಗಾನದ ವೇಷಕ್ಕೆ ಹಣವಿಲ್ಲದಿದ್ದರೆ ತಾಳಮದ್ದಳೆಯಾಗಲಿ. ಅಚ್ಚಿಗೆ ಅನುಕೂಲವಿಲ್ಲದಿದ್ದರೆ ಕೈಬರಹವೇ ಇರಲಿ. ವಾರಕ್ಕೊಂದು ತಾಸು ಬೆಂಚುಗಳು ಪಕ್ಕಕ್ಕೆ ಸರಿಯಲಿ, ಹಾಜರಿಯ ಕ್ರಮದಲ್ಲಿ ಸರದಿ ನಡೆಯಲಿ. ನಿವೃತ್ತ ಉಪಾಧ್ಯಾಯರು ಊರೂರಿನಲ್ಲಿದ್ದಾರೆ; ಕರೆದರೆ ಬಾರದಿರುವವರಲ್ಲ. ಹೆತ್ತವರೂ ತಮ್ಮ ಮಗುವಿಗೆ ಬಹುಮಾನ ಬಂದಿತೇ ಎಂದು ಕೇಳುವ ಮೊದಲು, ಈ ತಿಂಗಳು ಅದರ ಸರದಿ ಬಂದಿತೇ ಎಂದು ಕೇಳಲಿ.

ಸಂಘದ ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ನಾವು ವೇದಿಕೆಯ ಮೇಲೆ ನಿಂತು ಕನ್ನಡದಲ್ಲಿ ನಾಲ್ಕು ಮಾತನಾಡುತ್ತಿದ್ದೇವೆಂದರೆ, ಆ ಮಾತು ಹುಟ್ಟಿದ್ದು ಯಾವುದೋ ಹಳ್ಳಿಶಾಲೆಯ ಕೊನೆಯ ತಾಸಿನಲ್ಲಿ. ಆ ಋಣವನ್ನು ತೀರಿಸುವ ಸರದಿ ಈಗ ನಮ್ಮದು.